ವಾರವಾರವೂ ಅದೇ ಟೇಕಡಿ

ಪುಣೆಯಲ್ಲಿ ಚಿಕ್ಕ ಮಕ್ಕಳನ್ನು ಕರೆದುಕೊಂಡು ತಿರುಗಾಡಲು ಫೆಬ್ರವರಿಯಿಂದ ಏಪ್ರಿಲ್ ನಡುವಿನ ತನಕದ ದಿನಗಳಷ್ಟು ಒಳ್ಳೆಯ ಕಾಲ ಇನ್ನೊಂದಿಲ್ಲ. ಊರ ಕಡೆಯಿಂದ ಹೊಸದಾಗಿ ಇಲ್ಲಿಗೆ ಬಂದ ಗೆಳತಿಯರು, "ರವಿವಾರ ಮಕ್ಕಳನ್ನ ಎಲ್ಲಿ ಕರ್ಕೊಂಡು ಹೋಗ್ತೀರಿ?" ಅಂತ ಕೇಳುತ್ತಾರೆ. ಹತ್ತಿರದ ಒಂದೇ ಜಾಗ ಹಿಡಿದು ಮತ್ತೆ ಮತ್ತೆ ಅಲ್ಲಿಗೇ ಹೋಗಿ ಅಂತ ನಾನು ಹೇಳುತ್ತೇನೆ. ಕೇಳಿದವರಿಗೆ ಮೊದಲು ಅಷ್ಟಾಗಿ ರುಚಿಸುವುದಿಲ್ಲ. ನಮಗೆ ಮಾತ್ರ ಇದರಿಂದ ಸಿಕ್ಕಿದ್ದು ಬಹಳ.

ನಾವು ಧಾರವಾಡದವರು, ಮನೆ ಕೋಥರೂಡಿನಲ್ಲಿ. ಮಗಳಿಗೆ ಐದು ವರ್ಷ, ಮಗನಿಗೆ ಒಂದೂವರೆ. ನಮ್ಮ ಜಾಗ ವೇತಾಳ ಟೇಕಡಿ. ಪುಣೆ ಊರೊಳಗಿನ ಗುಡ್ಡಗಳಲ್ಲಿ ಎಲ್ಲಕ್ಕಿಂತ ಎತ್ತರದ್ದು ಇದೇ. ಲಾ ಕಾಲೇಜ್ ರಸ್ತೆ, ಪಂಚವಟಿ, ಚತುಃಶೃಂಗಿ, ಹೀಗೆ ಹಲವು ಕಡೆಯಿಂದ ಹತ್ತಬಹುದು. ಮಕ್ಕಳಿದ್ದರೆ ಎಆರ್‌ಎಐ ಎಂಬ ವಾಹನ ಸಂಶೋಧನಾ ಸಂಸ್ಥೆಯ ಕಡೆಯ ದಾರಿಯೇ ಲೇಸು. ಗಾಡಿ ಮೇಲಿನ ತನಕ ಹೋಗುತ್ತದೆ, ಮುಂದೆ ಹೆಚ್ಚು ಏರಿಲ್ಲ. ನೆಲ ಮಾತ್ರ ಗರಸು, ಅಲ್ಲಿ ಮಗುವಿನ ತಳ್ಳುಗಾಡಿ ಉರುಳುವುದಿಲ್ಲ. ಹಾಗಾಗಿ ಮಗನನ್ನು ನಮ್ಮ ಮನೆಯವರು ಬೆನ್ನಿಗೆ ಕಟ್ಟಿಕೊಳ್ಳುತ್ತಾರೆ, ಮಗಳು ತಾನೇ ನಡೆಯುತ್ತಾಳೆ.

ದಾರಿಯಲ್ಲಿ ಒಂದು ಬೂರುಗದ ಮರವಿದೆ. ಅದೇ ನಮ್ಮ ನಿಲ್ದಾಣ. ಮೊದಲ ಸಲ ಹೋದಾಗ ಅದರಲ್ಲಿ ಒಂದೆಲೆಯೂ ಇರಲಿಲ್ಲ. "ಅಮ್ಮಾ, ಈ ಗಿಡಕ್ಕ ಎಲಿನ ಇಲ್ಲ!" ಅಂತ ಮಗಳು ಬುಡದಲ್ಲಿ ನಿಂತುಬಿಟ್ಟಳು. ಕೊಂಬೆಗಳಿಗೆ ಅಂಟಿಕೊಂಡು ಕಂದು ಮೊಗ್ಗುಗಳಿದ್ದವು. ಮುಂದಿನ ವಾರಗಳಲ್ಲಿ ಅವು ಒಂದೊಂದಾಗಿ ಒಡೆದು ಇಡೀ ಮರ ಕೆಂಪಾಯಿತು. ಬೂರುಗದ ಹೂವು ಉದುರುವಾಗ ಎಸಳೆಸಳಾಗಿ ಉದುರದೆ ಇಡಿಯಾಗಿ ಧಪ್ ಎಂದು ಬೀಳುತ್ತದೆ. ಎತ್ತಿಕೊಂಡರೆ ಮಗಳ ಅಂಗೈ ತುಂಬಿ ಹೊರಗೆ ಚಾಚುತ್ತಿತ್ತು. ಐದು ದಪ್ಪ ಎಸಳು, ನಡುವೆ ಕೇಸರಗಳ ಕಟ್ಟು, ಬುಡದಲ್ಲಿ ಬಟ್ಟಲಿನಂಥ ಹಸಿರು ತೊಟ್ಟು. ಒಳಗೆ ಬೆರಳಾಡಿಸಿದರೆ ಅಂಟಂಟು. ಆ ಮಕರಂದಕ್ಕಾಗಿಯೇ ಕಾಗೆ, ಮೈನಾ, ಸೂರಕ್ಕಿ, ಅಳಿಲು ಎಲ್ಲ ಅಲ್ಲಿ ಸೇರಿರುತ್ತವೆ. ಒಂದು ಬೆಳಗ್ಗೆ ಗುಲಾಬಿ ಕಬ್ಬಕ್ಕಿಗಳ ದೊಡ್ಡ ಹಿಂಡೇ ಬಂದಿಳಿದಿತ್ತು. ದಿನಾ ಟೇಕಡಿ ಹತ್ತುವ ಮರಾಠಿ ಅಜ್ಜ ಒಬ್ಬರು ನಮ್ಮ ಪಕ್ಕ ನಿಂತು, ಇವು ಚಳಿಗಾಲಕ್ಕೆ ಬಂದ ಅತಿಥಿಗಳು, ಬೇಸಿಗೆ ಜೋರಾಗುವಷ್ಟರಲ್ಲಿ ದೂರದ ಮಧ್ಯ ಏಷ್ಯಾದ ಕಡೆ ಹೊರಟುಹೋಗುತ್ತವೆ ಅಂತ ಮಗಳಿಗೆ ಹೇಳಿದರು. ಮುಂದಿನ ವಾರದಿಂದ ಅವಳು ಟೇಕಡಿ ಕಂಡ ಕೂಡಲೇ ಕೇಳುತ್ತಿದ್ದುದು, "ಹಕ್ಕಿ ಹೋದ್ವಾ, ಇನ್ನೂ ಅದಾವಾ?"

ಹೊಸ ಜಾಗದಲ್ಲಿ ಇದು ಸಿಗುವುದಿಲ್ಲ. ಹೊಸ ಜಾಗಕ್ಕೆ ಹೋದರೆ ಮಗು ಎಲ್ಲವನ್ನೂ ಒಮ್ಮೆಲೇ ನೋಡಿ ದಣಿಯುತ್ತದೆ, ನಾವು ದಾರಿ, ಪಾರ್ಕಿಂಗ್, ಊಟ ಹುಡುಕುತ್ತ ದಣಿಯುತ್ತೇವೆ. ಗೊತ್ತಿರುವ ಜಾಗದಲ್ಲಿ ಆ ಚಿಂತೆ ಇಲ್ಲ. ಕಳೆದ ವಾರಕ್ಕೂ ಈ ವಾರಕ್ಕೂ ಏನು ಬದಲಾಗಿದೆ ಎನ್ನುವುದರ ಮೇಲೆಯೇ ಮಗುವಿನ ಕಣ್ಣಿರುತ್ತದೆ. ನಮ್ಮ ಮನೆಯವರು ವಾರವೆಲ್ಲ ಲ್ಯಾಪ್‌ಟಾಪ್ ಮುಂದೆ ಕೂರುವವರು. ಟೇಕಡಿಯ ಮೇಲೆ ಮಗಳ ಜೊತೆ ಮಂಡಿಯೂರಿ ಇರುವೆ ಸಾಲು ನೋಡುತ್ತ ಕೂತಾಗ ಅವರಿಗೆ ಫೋನಿನ ನೆನಪೇ ಇರುವುದಿಲ್ಲ. ಇದನ್ನು ಕಂಡ ಮೇಲೆಯೇ ರವಿವಾರದ ಬೆಳಗನ್ನು ಬೇರೆ ಯಾವ ಕೆಲಸಕ್ಕೂ ಬಿಟ್ಟುಕೊಡಬಾರದು ಅಂತ ನಾನು ಹಟ ಹಿಡಿದದ್ದು.

ವೇಳೆಯೊಂದನ್ನು ಕಟ್ಟುನಿಟ್ಟಾಗಿ ಪಾಲಿಸಬೇಕು. ಫೆಬ್ರವರಿಯಲ್ಲಿ ಇಲ್ಲಿ ಬೆಳಗ್ಗೆ 12–13 ಡಿಗ್ರಿ ಇದ್ದರೆ ಮಧ್ಯಾಹ್ನ 32ರ ಆಸುಪಾಸು. ಏಪ್ರಿಲ್ ಹೊತ್ತಿಗೆ ಮಧ್ಯಾಹ್ನದ ಬಿಸಿಲು 38 ಮುಟ್ಟುತ್ತದೆ. ಹೊರಡುವಾಗ ಸ್ವೆಟರ್ ಬೇಕು, ಇಳಿಯುವಾಗ ಟೋಪಿ ಬೇಕು. ಏಳು ಗಂಟೆಯೊಳಗೆ ಮೇಲಿರುತ್ತೇವೆ, ಒಂಬತ್ತರೊಳಗೆ ಇಳಿದುಬಿಡುತ್ತೇವೆ. ಬುತ್ತಿ ಹಿಂದಿನ ರಾತ್ರಿಯೇ ಅರ್ಧ ತಯಾರಿರುತ್ತದೆ. ಚಪಾತಿಗೆ ತುಪ್ಪ ಸವರಿ, ಶೇಂಗಾ ಹಿಂಡಿ ಉದುರಿಸಿ ಸುರುಳಿ ಮಾಡಿದರೆ ಮಕ್ಕಳು ಕೈಯಲ್ಲೇ ಹಿಡಿದು ತಿನ್ನುತ್ತಾರೆ, ಚೆಲ್ಲುವುದಿಲ್ಲ. ನೀರು ಮನೆಯಿಂದಲೇ ಒಯ್ಯಬೇಕು. ಹಳೆಯ ಕಲ್ಲುಕ್ವಾರಿಯಲ್ಲಿ ನೀರು ನಿಂತಿರುತ್ತದೆ, ಅದರ ಹತ್ತಿರ ಹೋದರೆ ಮಗುವಿನ ಕೈ ಬಿಡಬಾರದು. ಮಾರ್ಚ್‌ನಲ್ಲಿ ಹುಲ್ಲು ಒಣಗಿ ಕಡ್ಡಿಯಾಗಿರುತ್ತದೆ, ಅಲ್ಲಲ್ಲಿ ಬೆಂಕಿ ಬೀಳುವುದೂ ಉಂಟು. ಹೊಗೆ ವಾಸನೆ ಬಂದರೆ ಮರುಮಾತಿಲ್ಲದೆ ಹಿಂದಿರುಗುತ್ತೇವೆ.

ಈ ಟೇಕಡಿಯ ಮೈ ಕೊರೆದು ಬಾಲಭಾರತಿ ಕಚೇರಿಯ ಕಡೆಯಿಂದ ಕೋಥರೂಡ್ ಹತ್ತಿರದ ಪೌಡ್ ಫಾಟಾಕ್ಕೆ ರಸ್ತೆ ಮಾಡುವ ಯೋಜನೆ ಬಹಳ ದಿನಗಳಿಂದ ಇದೆ. 2023ರ ಏಪ್ರಿಲ್‌ನಲ್ಲಿ ಅದನ್ನು ವಿರೋಧಿಸಿ ಊರಿನ ಜನ ದೊಡ್ಡ ಮೆರವಣಿಗೆ ತೆಗೆದರು. ಕೋಥರೂಡಿನ ಟ್ರಾಫಿಕ್‌ನಲ್ಲಿ ದಿನಾ ಸಿಕ್ಕಿಕೊಳ್ಳುವವಳು ನಾನು, ರಸ್ತೆ ಬೇಕೆನ್ನುವವರ ಕಷ್ಟವೂ ತಿಳಿಯುತ್ತದೆ. ಆದರೂ ಮನೆಯಿಂದ ಇಷ್ಟು ಹತ್ತಿರ ಮಕ್ಕಳಿಗೆ ನವಿಲಿನ ಕೂಗು ಕೇಳಿಸುವ ಜಾಗ ಇದೊಂದೇ. ಅದು ಉಳಿಯಲೇಬೇಕು.

ವಾರದ ನಡುವಿನ ಸಂಜೆಗಳಿಗೆ ಸ್ವಾರಗೇಟ್ ಹತ್ತಿರದ ಉದ್ಯಾನ ಸಾರಸಬಾಗ್. ಮೊದಲು ಸ್ವಾರಗೇಟ್ ಕಡೆ ಹೋಗುವುದೆಂದರೆ ರಿಕ್ಷಾದವರ ಜೊತೆ ಚೌಕಾಸಿ ಮಾಡಬೇಕಿತ್ತು. 2024ರ ಸೆಪ್ಟೆಂಬರಿನಲ್ಲಿ ಸ್ವಾರಗೇಟ್ ತನಕ ಸುರಂಗದ ಮೆಟ್ರೋ ಶುರುವಾದ ಮೇಲೆ ಸಲೀಸಾಯಿತು. ವನಾಜ್‌ನಲ್ಲಿ ಹತ್ತಿದರೆ ಡೆಕ್ಕನ್ ದಾಟಿ ಮುಠಾ ನದಿಯ ಪಕ್ಕದಲ್ಲೇ ರೈಲು ಹೋಗುತ್ತದೆ, ಶಿವಾಜಿ ಮಹಾರಾಜರ ಮಾವಳಾ ಸೈನಿಕರ ಪಗಡಿಯ ಆಕಾರದ ಎರಡು ನಿಲ್ದಾಣಗಳು ಬರುತ್ತವೆ. ಸಿವಿಲ್ ಕೋರ್ಟ್‌ನಲ್ಲಿ ಗಾಡಿ ಬದಲಿಸಬೇಕು. ಅಲ್ಲಿ ಎಸ್ಕಲೇಟರ್ ಮೇಲೆ ಎಸ್ಕಲೇಟರ್ ಇಳಿದು ನೆಲದಾಳಕ್ಕೆ ಹೋಗುವುದೇ ನಮ್ಮ ಮಗನಿಗೆ ದೊಡ್ಡ ಸಂಭ್ರಮ. ಇಷ್ಟಕ್ಕೇ ಸಂಜೆ ಅರ್ಧ ಸಾರ್ಥಕ.

ಸಾರಸಬಾಗ್‌ನ ಗಣಪತಿಗೆ ಇಲ್ಲಿಯವರು ತಳ್ಯಾತಲಾ ಗಣಪತಿ ಅನ್ನುತ್ತಾರೆ, ಕೆರೆಯೊಳಗಿನ ಗಣಪತಿ ಅಂತ. ಸವಾಯಿ ಮಾಧವರಾವ್ ಪೇಶ್ವೆ 1784ರಲ್ಲಿ ಇಲ್ಲಿ ಗುಡಿ ಕಟ್ಟಿಸಿದಾಗ ಸುತ್ತ ನೀರಿತ್ತು. ಈಗ ಅಲ್ಲಿ ಹುಲ್ಲುಹಾಸು. ಚಳಿಗಾಲದಲ್ಲಿ ಮೂರ್ತಿಗೆ ಸ್ವೆಟರ್, ಟೋಪಿ ಹಾಕುತ್ತಾರೆ. ಚಳಿ ಹೋದ ಮೇಲೆ ಗಣಪ್ಪನ ಸ್ವೆಟರ್ ತೆಗೆದರೋ ಇಲ್ಲವೋ ಎಂದು ನೋಡುವುದಕ್ಕೇ ಮಗಳು ಮೆಟ್ಟಿಲು ಓಡುತ್ತಾಳೆ. ಪಕ್ಕದಲ್ಲೇ ಪೇಶ್ವೆ ಪಾರ್ಕ್. ಅಲ್ಲಿಯ ಪುಟಾಣಿ ರೈಲು 'ಫುಲರಾಣಿ' 1956ರದ್ದು. ನಮ್ಮ ಮಹಡಿಯ ಮರಾಠಿ ಆಜಿ ತಾವೂ ಚಿಕ್ಕವರಿದ್ದಾಗ ಅದರಲ್ಲಿ ಕೂತಿದ್ದೆ ಅಂತ ಮಗಳಿಗೆ ಹೇಳಿದ ಮೇಲಂತೂ ಅವಳಿಗೆ ಆ ರೈಲು ತಮ್ಮದೇ ಅನ್ನಿಸಿದೆ. ಬರುವಾಗ ಕಬ್ಬಿನ ಹಾಲು. ಇಲ್ಲಿಯ ಗಾಣಗಳಿಗೆ ಗೆಜ್ಜೆ ಕಟ್ಟಿರುತ್ತಾರೆ, ಚಕ್ರ ತಿರುಗಿದಂತೆ ಝಣಝಣ ಸದ್ದಾಗುತ್ತದೆ, ಮಗ ಅದರ ತಾಳಕ್ಕೆ ಕುಣಿಯುತ್ತಾನೆ. ಐಸ್ ಹಾಕಬೇಡಿ ಎಂದು ಮೊದಲೇ ಹೇಳುತ್ತೇನೆ.

ಹೊರಗೆ ಕಂಡದ್ದನ್ನು ಮನೆಯೊಳಗೂ ತರುವ ಕೆಲಸವೊಂದಿದೆ. ಅದು ಬಣ್ಣ. ಪುಣೆಯಲ್ಲಿ ಹೋಳಿಯ ಐದನೇ ದಿನ ರಂಗಪಂಚಮಿಗೆ ಬಣ್ಣ ಆಡುವ ರೂಢಿ. ನಮ್ಮ ಕಡೆಯೂ ಹಾಗೆ ಆಡುವ ಊರುಗಳಿವೆ, ಆದ್ದರಿಂದ ಇದು ನಮಗೆ ಹೊಸತಲ್ಲ. ಮುತ್ತುಗದ ಮರದ ಕೆಳಗೆ ಬಿದ್ದ ಹೂವನ್ನಷ್ಟೇ ಆರಿಸುತ್ತೇವೆ, ಕೊಂಬೆ ಮುಟ್ಟುವುದಿಲ್ಲ. ಮನೆಗೆ ಬಂದು ಮಗಳು ಹಾಳೆಯ ಮೇಲೆ ಕೂತು ಕಪ್ಪು ತೊಟ್ಟು ಬಿಡಿಸಿ ಕೇಸರಿ ಎಸಳು ಬೇರೆ ಮಾಡುತ್ತಾಳೆ. ಅವನ್ನು ಮುಳುಗುವಷ್ಟು ನೀರಿನಲ್ಲಿ ಸಣ್ಣ ಉರಿಯ ಮೇಲೆ ಕಾಲು ಗಂಟೆ ಕುದಿಸಿ, ಮುಚ್ಚಿ ರಾತ್ರಿಯಿಡೀ ಬಿಟ್ಟು, ಬೆಳಗ್ಗೆ ಹಳೆಯ ಪಂಚೆಯಲ್ಲಿ ಸೋಸಿದರೆ ಹೊಂಬಣ್ಣದ ನೀರು ಸಿದ್ಧ. ಚೂರು ಸುಣ್ಣ ಹಾಕಿದರೆ ಬಣ್ಣ ಇನ್ನೂ ಕೆಂಪಗೆ ತಿರುಗುತ್ತದೆ, ಆದರೆ ಮಕ್ಕಳ ಮೈಗೆ ಬೇಡ ಅಂತ ನಾನು ಹಾಕುವುದಿಲ್ಲ. ಬಿಳಿ ಅಂಗಿಯ ಮೇಲೆ ಈ ಬಣ್ಣ ತಿಳಿಯಾಗಿ ಕೂರುತ್ತದೆ. ಅಂಗಡಿಯ ಗಾಢ ಬಣ್ಣ ಬೇಕೆನ್ನುವ ಮಕ್ಕಳಿಗೆ ಮೊದಲು ಸಪ್ಪೆಯೆನ್ನಿಸಬಹುದು. ತಾನೇ ಆರಿಸಿದ ಹೂವಿನದ್ದು ಎಂದು ಗೊತ್ತಿದ್ದ ಮಗುವಿಗೆ ಹಾಗನ್ನಿಸಲಿಲ್ಲ. ಪಿಚಕಾರಿ ಹಿಡಿದು ಮಹಡಿಯ ಎಲ್ಲರಿಗೂ ತಾನು ಮಾಡಿದ್ದು ಅಂತ ಹೇಳಿಕೊಂಡು ಬಂದಳು.

ಯುಗಾದಿಯ ದಿನ ಇಲ್ಲಿ ಗುಡಿ ಪಾಡವ. ಹಿಂದಿನ ಸಂಜೆ ಮಂಡಯಿ ಮಾರುಕಟ್ಟೆಯ ಕಡೆ ಹೋಗಿ ಸಕ್ಕರೆಯ ಗಾಠಿ ತರುತ್ತೇವೆ, ನಮ್ಮೂರಿನ ಸಕ್ಕರೆ ಸರವೇ ಅದು. ಸೊಸೈಟಿಯ ಬೇವಿನ ಮರದಿಂದ ಹೂ ತಂದು, ಬೆಲ್ಲ, ಪುಠಾಣಿ, ಮಾವಿನಕಾಯಿ ಹಾಕಿ ಧಾರವಾಡದ ರೀತಿ ಕುಡಿಯುವ ಬೇವು ಮಾಡುತ್ತೇನೆ. ಎದುರು ಮನೆಯವರು ಶ್ರೀಖಂಡ ಕಳಿಸುತ್ತಾರೆ, ನಾವು ಬೇವು ಮತ್ತು ಹೋಳಿಗೆ ಕಳಿಸುತ್ತೇವೆ.

ದೂರದ ತಿರುಗಾಟ ಎಂದು ಈ ಕಾಲದಲ್ಲಿ ನಾವು ಇಟ್ಟುಕೊಳ್ಳುವುದು ಸಿಂಹಗಡ ಮಾತ್ರ. 1,300 ಮೀಟರಿಗಿಂತ ಎತ್ತರದ ಕೋಟೆ, ಗಾಳಿ ತಂಪು. ರವಿವಾರ ಘಾಟಿನಲ್ಲಿ ಗಾಡಿಗಳ ಸಾಲು ಕರಗುವುದೇ ಇಲ್ಲ. ರಜೆ ಹಾಕಿ ವಾರದ ನಡುವೆ ಹೋದರೆ ಪಿಠ್ಲ–ಭಾಕರಿ (ನಮ್ಮ ಝುಣಕ–ರೊಟ್ಟಿಯಂಥದ್ದು), ಮಡಕೆಯ ಮೊಸರು ತಿಂದು ಸುಖವಾಗಿ ಬರಬಹುದು. ಕಾತ್ರಜ್ ಮೃಗಾಲಯವೂ ಮಕ್ಕಳಿಗೆ ಚೆನ್ನ, ಬುಧವಾರ ಮುಚ್ಚಿರುತ್ತದೆ ಅನ್ನುವುದು ನೆನಪಿರಲಿ.

ಏಪ್ರಿಲ್ ನಡುವೆ ನಮ್ಮ ಬೂರುಗಕ್ಕೆ ಹೊಸ ಎಲೆ ಬಂದು, ಕಾಯಿ ಬಲಿಯತೊಡಗುತ್ತದೆ. ಆಮೇಲೆ ಕಾಯಿ ಒಡೆದು ಹತ್ತಿ ಹಾರುತ್ತದೆ. ಒಂದೊಂದು ತುಪ್ಪಳದೊಳಗೂ ಕರಿ ಬೀಜ. ಮಗಳು ಕೆಲವನ್ನು ಬೆಂಕಿಪೊಟ್ಟಣದಲ್ಲಿ ಹಾಕಿಟ್ಟಿದ್ದಾಳೆ. ಮೇ ತಿಂಗಳಲ್ಲಿ ಧಾರವಾಡಕ್ಕೆ ಹೋದಾಗ ಅಜ್ಜನ ಹಿತ್ತಲಲ್ಲಿ ಕುಂಡಕ್ಕೆ ಹಾಕುವುದಂತೆ. ಅಜ್ಜ ಫೋನಿನಲ್ಲಿ ಒಪ್ಪಿದ್ದಾರೆ. ಬೂರುಗ ಬಹಳ ದೊಡ್ಡ ಮರವಾಗುತ್ತದೆ, ಸಸಿಯಾದ ಮೇಲೆ ಮನೆಯ ಹತ್ತಿರ ಬೇಡ, ಹೊಲದ ಬದುವಿಗೆ ಹಚ್ಚೋಣ ಅಂದಿದ್ದಾರೆ.