ವಿಲ್ಲೀಸ್ ಜೀಪಿಗೆ ಡಿಸ್ಕ್ ಬ್ರೇಕ್: ಕೈ ಹಾಕಿದ್ದು ಮೊದಲು ಸ್ಟೇರಿಂಗಿಗೆ

ಹಳೇ ಜೀಪಿಗೆ ಡಿಸ್ಕ್ ಬ್ರೇಕ್ ಹಾಕಬೇಕು ಅಂತ ಯಾರಾದರೂ ಬಂದರೆ, ನಾನು ಮೊದಲು ಕೇಳುವುದು ಸ್ಟೇರಿಂಗ್ ಹೇಗಿದೆ ಅಂತ. ಎರಡೂ ಬೇರೆ ಬೇರೆ ಕೆಲಸ ಅಂತಲೇ ಎಲ್ಲರೂ ಅಂದುಕೊಳ್ಳುತ್ತಾರೆ. ಆದರೆ ಬ್ರೇಕ್ ಗಟ್ಟಿಯಾಗಿ ಹಿಡಿದಷ್ಟೂ ಮುಂದಿನ ಆಕ್ಸಲ್ ಮೇಲೆ ಜೋರು ಬೀಳುತ್ತದೆ. ಆ ಜೋರನ್ನು ತಡೆದುಕೊಳ್ಳಬೇಕಾದವು ಮುಂದಿನ ಚಕ್ರ ಎಡಕ್ಕೆ ಬಲಕ್ಕೆ ತಿರುಗುವ ಗೂಟವಾದ ಕಿಂಗ್ ಪಿನ್, ಚಕ್ರವನ್ನು ಹಾಗೆ ತಿರುಗಿಸುವ ಸರಳಾದ ಟೈ ರಾಡ್, ಸ್ಪ್ರಿಂಗ್ ಬುಷ್‌ಗಳು. ಅವು ಸವೆದಿದ್ದರೆ, ಒಳ್ಳೆಯ ಬ್ರೇಕ್ ಹಾಕಿದ ಗಾಡಿ ನೇರ ನಿಲ್ಲುವುದಿಲ್ಲ, ಪಕ್ಕಕ್ಕೆ ಎಳೆಯುತ್ತದೆ. ಅದಕ್ಕೇ ನನ್ನ ವಿಲ್ಲೀಸ್ ಸಿಜೆ-3ಬಿ ಜೀಪಿನಲ್ಲಿ ಸ್ಟೇರಿಂಗ್ ಕೆಲಸ ಪೂರ್ತಿ ಮುಗಿಸಿ, ಆಮೇಲೆ ಬ್ರೇಕಿಗೆ ಬಂದೆ.

ಈ ಮಾಡೆಲ್ ಬಂದದ್ದು 1953ರಲ್ಲಿ. ಎತ್ತರದ ಬಾನೆಟ್, 80 ಇಂಚಿನ ವೀಲ್‌ಬೇಸ್, ಸುಮಾರು 1 ಟನ್ ತೂಕ. ನಾಲ್ಕೂ ಚಕ್ರಕ್ಕೆ 9 ಇಂಚಿನ ಡ್ರಮ್. ಪೆಡಲ್ ಒತ್ತಿದಾಗ ಬ್ರೇಕ್ ಆಯಿಲ್ ತಳ್ಳುವ ಮಾಸ್ಟರ್ ಸಿಲಿಂಡರ್ ಕಾಲಡಿ, ಫ್ಲೋರ್ ಕೆಳಗೆ ಕೂತಿದೆ. ಅದರಿಂದ ಹೊರಡುವುದು ಒಂದೇ ಲೈನು. ಎಲ್ಲಾದರೂ ಒಂದು ಹೋಸ್ ಒಡೆದರೆ ನಾಲ್ಕು ಚಕ್ರದ ಬ್ರೇಕೂ ಒಟ್ಟಿಗೇ ಹೋಯಿತು. ನಿಧಾನಕ್ಕೆ ಹೊಲ, ಗುಡ್ಡ ಸುತ್ತುವ ಕಾಲಕ್ಕೆ ಅದು ಸಾಕಿತ್ತು. ಈಗಿನ ರಸ್ತೆಯಲ್ಲಿ, ಎದುರಿನ ಕಾರು ಗಕ್ಕನೆ ನಿಲ್ಲುವಾಗ, ಸಾಲುವುದಿಲ್ಲ.

ಸ್ಟೇರಿಂಗ್ ಪರೀಕ್ಷೆಗೆ ದೊಡ್ಡ ಯಂತ್ರ ಏನೂ ಬೇಡ. ಇಂಜಿನ್ ಆಫ್ ಮಾಡಿ, ಚಕ್ರಗಳು ನೆಲದ ಮೇಲೇ ಇರುವಾಗ, ಒಬ್ಬರನ್ನು ಸೀಟಿನಲ್ಲಿ ಕೂರಿಸಿ ಸ್ಟೇರಿಂಗನ್ನು ಎಡಕ್ಕೂ ಬಲಕ್ಕೂ ಚೂರು ಚೂರು ಅಲ್ಲಾಡಿಸೋಕೆ ಹೇಳಿ. ನೀವು ಕೆಳಗೆ ಮಲಗಿ ಒಂದೊಂದು ಜಾಯಿಂಟನ್ನೂ ಬೆರಳಿನಿಂದ ಹಿಡಿದು ನೋಡಿ. ಜಾಯಿಂಟಿನ ಎರಡೂ ಕಡೆಗೆ ಬೆರಳು ತಾಗುವ ಹಾಗೆ ಹಿಡಿಯಬೇಕು. ಕಣ್ಣಿಗೆ ಕಾಣದ ಸಣ್ಣ ಅಲುಗಾಟವೂ ಬೆರಳಿಗೆ ಗೊತ್ತಾಗುತ್ತದೆ. ನನ್ನ ಗಾಡಿಯಲ್ಲಿ ಸ್ಟೇರಿಂಗ್ ಬಾಕ್ಸಿನಿಂದ (ಸ್ಟೇರಿಂಗ್ ಶಾಫ್ಟಿನ ತುದಿಯ ಗೇರ್ ಪೆಟ್ಟಿಗೆ) ಹೊರಡುವ ಸರಳು, ಅಂದರೆ ಡ್ರ್ಯಾಗ್ ಲಿಂಕ್, ತಕ್ಷಣ ಅಲ್ಲಾಡುತ್ತಿತ್ತು. ಆ ಎಳೆತವನ್ನು ಟೈ ರಾಡಿಗೆ ದಾಟಿಸುವ ಮಧ್ಯದ ತೋಳು, ಬೆಲ್ ಕ್ರ್ಯಾಂಕ್, ಮೊದಲು ತನ್ನ ಪಿನ್ನಿನ ಮೇಲೆ ವಾಲುತ್ತಿತ್ತು, ಆಮೇಲೆ ತಿರುಗುತ್ತಿತ್ತು. ಅಲ್ಲಿಂದ ಎರಡು ಟೈ ರಾಡ್ ಎರಡು ಚಕ್ರಕ್ಕೆ. ಅವುಗಳ ನಾಲ್ಕು ತುದಿಯಲ್ಲೂ ಒಂದಿಷ್ಟು ಪ್ಲೇ, ಅಂದರೆ ಸಡಿಲು. ಒಂದೊಂದೂ ಕಡಿಮೆಯೇ. ಎಲ್ಲ ಸೇರಿದಾಗ ಚಕ್ರ ಅಲುಗುವ ಮುಂಚೆ ಸ್ಟೇರಿಂಗ್ ಒಂದು ಗೇಣು ಖಾಲಿ ತಿರುಗುತ್ತಿತ್ತು.

ಇಷ್ಟಾದ ಮೇಲೂ ಬಾಕ್ಸ್ ಬದಲಾಯಿಸೋಕೆ ಹೋಗಲಿಲ್ಲ. ಮೊದಲು ಕಿಂಗ್ ಪಿನ್. ಈ ಗಾಡಿಯ ಮುಂದಿನ ಡಾನಾ 25 ಆಕ್ಸಲ್‌ನಲ್ಲಿ ಕಿಂಗ್ ಪಿನ್‌ಗಳು ಟೇಪರ್ ಬೇರಿಂಗ್ ಮೇಲೆ ತಿರುಗುತ್ತವೆ. ಬೇರಿಂಗಿನ ಬಿಗಿಯನ್ನು ತೆಳು ಲೋಹದ ಬಿಲ್ಲೆಗಳಾದ ಶಿಮ್‌ಗಳಿಂದ ಹೊಂದಿಸಬೇಕು. ಟೈ ರಾಡ್ ಕಳಚಿ, ಅದು ಕೂರುತ್ತಿದ್ದ ತೂತಿಗೆ ಸ್ಪ್ರಿಂಗ್ ತಕ್ಕಡಿಯ ಕೊಕ್ಕೆ ಸಿಕ್ಕಿಸಿ ಎಳೆದರೆ ಎಷ್ಟು ಬಿಗಿ ಇದೆ ಅಂತ ಗೊತ್ತಾಗುತ್ತದೆ. ಎರಡೂ ಕಡೆ ಒಂದೇ ಸಮ ಇರಬೇಕು, ಎಲ್ಲೂ ಹಿಡಿದು ಬಿಡುವ ಹಾಗೆ ಇರಬಾರದು. ಇಲ್ಲಿ ಶಿಮ್ ಕಡಿಮೆ ಮಾಡಿದಷ್ಟೂ ಬಿಗಿ ಹೆಚ್ಚುತ್ತದೆ, ಅದನ್ನು ನೆನಪಿಟ್ಟುಕೊಂಡರೆ ಕೆಲಸ ಸುಲಭ. ಸಡಿಲವಾದ ಕಿಂಗ್ ಪಿನ್ನಿನಿಂದಲೇ ಎಷ್ಟೋ ಹಳೇ ಜೀಪುಗಳ ಮುಂದಿನ ಚಕ್ರ ಒಂದು ವೇಗಕ್ಕೆ ಬಂದಾಗ ದಡದಡ ಅಂತ ಕುಣಿಯೋಕೆ ಶುರು ಮಾಡುತ್ತದೆ. ಅದಕ್ಕೆ ಅಲುಗಾಟ ತಗ್ಗಿಸುವ ಸ್ಟೇರಿಂಗ್ ಡ್ಯಾಂಪರ್ ಹಾಕಿ ಸುಮ್ಮನಾಗುವವರು ಜಾಸ್ತಿ. ನನ್ನ ಪ್ರಕಾರ ಅದು ರೋಗ ಬಿಟ್ಟು ಜ್ವರಕ್ಕೆ ಮಾತ್ರ ಮಾತ್ರೆ ಕೊಟ್ಟ ಹಾಗೆ.

ಲೀಫ್ ಸ್ಪ್ರಿಂಗಿನ ಬುಷ್, ಸ್ಪ್ರಿಂಗನ್ನು ಚಾಸಿಸ್ಸಿಗೆ ಜೋಡಿಸುವ ಶ್ಯಾಕಲ್, ಆಕ್ಸಲ್ಲಿಗೆ ಬಿಗಿಯುವ ಯು ಬೋಲ್ಟ್‌ಗಳನ್ನೂ ಇದೇ ಹಂತದಲ್ಲಿ ಸರಿ ಮಾಡಿಕೊಂಡೆ. ಬ್ರೇಕ್ ಒತ್ತಿದಾಗ ಆಕ್ಸಲ್ ತನ್ನಷ್ಟಕ್ಕೆ ಸ್ವಲ್ಪ ತಿರುಚಿಕೊಳ್ಳುತ್ತದೆ, ಸ್ಪ್ರಿಂಗೂ ಅದರ ಜೊತೆ ಬಾಗುತ್ತದೆ. ಆದರೆ ಡ್ರ್ಯಾಗ್ ಲಿಂಕಿನ ಒಂದು ತುದಿ ಚಾಸಿಸ್ ಕಡೆ ಗಟ್ಟಿಯಾಗಿ ನಿಂತಿದೆ. ಹಾಗಾಗಿ ನೀವು ಸ್ಟೇರಿಂಗ್ ಮುಟ್ಟದಿದ್ದರೂ ಚಕ್ರ ಒಂದು ಪಕ್ಕಕ್ಕೆ ತಿರುಗುತ್ತದೆ. ಬುಷ್ ಸವೆದಷ್ಟೂ ಈ ಎಳೆತ ಜಾಸ್ತಿ. ಡ್ರಮ್ ಬ್ರೇಕಿನಲ್ಲಿ ಗೊತ್ತೇ ಆಗದೆ ಇದ್ದದ್ದು ಡಿಸ್ಕ್ ಹಾಕಿದ ದಿನ ಎದ್ದು ಕಾಣುತ್ತದೆ.

ಆಮೇಲೆ ಬಾಕ್ಸ್. ಮೂಲದ ರಾಸ್ ಕಂಪನಿಯ ಬಾಕ್ಸನ್ನು ರಿಪೇರಿ ಮಾಡಿಸಿ ಮುಂದುವರಿಸಬಹುದಿತ್ತು, ಮೂಲ ರೂಪ ಉಳಿಸಬೇಕು ಅನ್ನುವವರಿಗೆ ಅದೇ ಸರಿ. ನಾನು ಬೆಲ್ ಕ್ರ್ಯಾಂಕನ್ನೇ ತೆಗೆದುಹಾಕಲು ನಿರ್ಧರಿಸಿದ್ದರಿಂದ ಸ್ಯಾಗಿನಾ ಬ್ರ್ಯಾಂಡಿನ, ಪವರ್ ಇಲ್ಲದ ಮ್ಯಾನ್ಯುಯಲ್ ಬಾಕ್ಸ್ ಕೂರಿಸಿದೆ. ಬಾಕ್ಸಿನ ಆರ್ಮ್‌ನಿಂದ ಡ್ರ್ಯಾಗ್ ಲಿಂಕ್ ನೇರವಾಗಿ ಚಕ್ರದ ಕಡೆಗೆ ಹೋಗುತ್ತದೆ. ಎರಡು ಚಕ್ರವನ್ನೂ ಒಂದೇ ಉದ್ದದ ಟೈ ರಾಡ್ ಸೇರಿಸುತ್ತದೆ. ಜಾಯಿಂಟುಗಳ ಸಂಖ್ಯೆಯೇ ಕಡಿಮೆಯಾಯಿತು. ಇನ್ನೊಂದು ಲಾಭ ಇದೆ, ಇದನ್ನು ಜಾಸ್ತಿ ಜನ ಹೇಳುವುದಿಲ್ಲ. ಹಳೇ ಬಾಕ್ಸಿನಲ್ಲಿ ಸ್ಟೇರಿಂಗ್ ಚಕ್ರದಿಂದ ಬಾಕ್ಸಿನ ತನಕ ಒಂದೇ ನೇರ ಶಾಫ್ಟ್. ಎದುರಿನಿಂದ ಏಟು ಬಿದ್ದರೆ ಅದು ಹಿಂದಕ್ಕೆ, ಡ್ರೈವರ್ ಎದೆಗೆ ಬರುತ್ತದೆ. ಹೊಸದರಲ್ಲಿ ನಡುವೆ ಬಾಗಬಲ್ಲ ಯು ಜಾಯಿಂಟ್ ಇರುವ, ಒತ್ತಿದರೆ ಒಳಕ್ಕೆ ಕುಸಿಯುವ ಶಾಫ್ಟ್ ಹಾಕಿದೆ.

ಪವರ್ ಸ್ಟೇರಿಂಗ್ ಯಾಕೆ ಬೇಡ ಅಂದೆ? ಇಂಜಿನಿಗೆ ಪಂಪ್, ಅದಕ್ಕೆ ಬ್ರಾಕೆಟ್, ಬೆಲ್ಟ್, ಹೋಸ್, ಎಲ್ಲ ಹೊಸದಾಗಿ ಮಾಡಬೇಕು. ಅದಕ್ಕಿಂತ ಮುಖ್ಯ, ಕಲ್ಲಿಗೆ ಸಿಕ್ಕ ಚಕ್ರವನ್ನು ಪವರ್ ಬಾಕ್ಸ್ ಬಲವಂತವಾಗಿ ತಿರುಗಿಸುತ್ತದೆ, ಆ ಬಲವೆಲ್ಲ ಈ ತೆಳು ಚಾಸಿಸ್ ಮೇಲೆ ಬೀಳುತ್ತದೆ. ಅಗಲದ ಟೈರ್ ಹಾಕುವವರಿಗೆ ಬೇಕಾಗಬಹುದು. ಸಣ್ಣ ಟೈರಿನ ಹಗುರ ಗಾಡಿಗೆ ಮ್ಯಾನ್ಯುಯಲ್ ಸಾಕು.

ಬಾಕ್ಸ್ ಕೂರಿಸುವ ಜಾಗಕ್ಕೆ ಸಮಯ ಕೊಡಿ. ಚಾಸಿಸ್‌ಗೆ ಸುಮ್ನೆ ತೂತು ಕೊರೆದು ಬೋಲ್ಟ್ ಬಿಗಿದರೆ ಕೆಲವು ದಿನದಲ್ಲೇ ತೂತಿನ ಸುತ್ತ ಬಿರುಕು ಬರುತ್ತದೆ. ನಾನು ಎರಡೂ ಕಡೆ ಪ್ಲೇಟ್ ವೆಲ್ಡ್ ಮಾಡಿಸಿ, ಬೋಲ್ಟ್ ಹಾಯುವ ಕಡೆ ದಪ್ಪ ಪೈಪಿನ ತುಂಡು ಇಟ್ಟೆ. ಬಿಗಿದಾಗ ಚಾಸಿಸ್ ಅಪ್ಪಚ್ಚಿಯಾಗುವುದಿಲ್ಲ. ಚಾಸಿಸ್‌ಗೆ ವೆಲ್ಡ್ ಸರಿ, ಆದರೆ ಟೈ ರಾಡ್, ಡ್ರ್ಯಾಗ್ ಲಿಂಕ್, ಆರ್ಮ್‌ಗಳನ್ನು ಕತ್ತರಿಸಿ ವೆಲ್ಡ್ ಮಾಡಿ ಉದ್ದ ಹೊಂದಿಸುವ ಕೆಲಸಕ್ಕೆ ಖಂಡಿತ ಹೋಗಬೇಡಿ. ಸರಿಯಾದ ಉದ್ದದ್ದೇ ತರಬೇಕು.

ಈ ತರಹದ ಬಾಕ್ಸ್ ಒಳಗೆ ಸರಿಯಾಗಿ ನಡುವೆ ಬಂದಾಗ ಮಾತ್ರ ಬಿಗಿ, ಪಕ್ಕಕ್ಕೆ ಹೋದಂತೆ ಸ್ವಲ್ಪ ಪ್ಲೇ ಇರುತ್ತದೆ. ಅದಕ್ಕೇ ಬಾಕ್ಸನ್ನು ಒಂದು ಕೊನೆಯಿಂದ ಇನ್ನೊಂದು ಕೊನೆಗೆ ತಿರುಗಿಸಿ ಸುತ್ತು ಎಣಿಸಿ, ಅರ್ಧಕ್ಕೆ ತಂದು ನಿಲ್ಲಿಸಬೇಕು. ಚಕ್ರಗಳನ್ನು ನೇರ ಮಾಡಿಕೊಂಡು, ಡ್ರ್ಯಾಗ್ ಲಿಂಕಿನ ಉದ್ದವನ್ನು ಅದಕ್ಕೆ ಹೊಂದಿಸಬೇಕು. ಸ್ಟೇರಿಂಗ್ ಚಕ್ರ ಕಿತ್ತು ನೇರ ಮಾಡಿ ಹಾಕಿದರೆ ನೋಡೋಕೆ ಚೆಂದ, ಬಾಕ್ಸ್ ಮಾತ್ರ ನಡುವೆ ಇರುವುದಿಲ್ಲ. ಜಾಯಿಂಟಿನ ನಟ್ ಬಿಗಿದಾಗ ಸ್ಪ್ಲಿಟ್ ಪಿನ್ನಿನ ತೂತು ಸೇರದಿದ್ದರೆ ಇನ್ನೂ ಚೂರು ಬಿಗಿಯಬೇಕು, ಸಡಿಲ ಮಾಡಬಾರದು. ಕೊನೆಗೆ ಟೋ-ಇನ್, ಅಂದರೆ ಮುಂದಿನ ಚಕ್ರಗಳ ಮುಂತುದಿ ಒಳಕ್ಕೆ ತಿರುಗಿರುವ ಅಳತೆ. ಈ ಗಾಡಿಗೆ ಅದು 3/64ರಿಂದ 3/32 ಇಂಚು, ಅಂದರೆ ಸುಮಾರು 1.2ರಿಂದ 2.4 ಮಿಲಿಮೀಟರ್. ಕ್ಯಾಸ್ಟರ್, ಅಂದರೆ ಕಿಂಗ್ ಪಿನ್ ಹಿಂದಕ್ಕೆ ವಾಲಿರುವ ಕೋನ, 3 ಡಿಗ್ರಿ.

ಈಗ ಬ್ರೇಕ್. ಡ್ರಮ್ಮಿಗೆ ಒತ್ತುವ ಹಳೇ ಲೈನರ್‌ಗಳಲ್ಲಿ ಆಸ್ಬೆಸ್ಟಾಸ್ ಇರುವ ಸಾಧ್ಯತೆ ಜಾಸ್ತಿ. ಡ್ರಮ್ ಬಿಚ್ಚಿ ಗಾಳಿ ಹೊಡೆಯಬೇಡಿ. ಧೂಳನ್ನು ಒದ್ದೆ ಮಾಡಿ ಒರೆಸಿ, ಮಾಸ್ಕ್ ಹಾಕಿಕೊಳ್ಳಿ.

ಡಿಸ್ಕ್ ಬೇಡ ಅನ್ನುವವರಿಗೆ ಮುಂದಿನ ಕಾಲದ ಸಿಜೆ ಜೀಪುಗಳ 11 ಇಂಚಿನ ಡ್ರಮ್ ಹಾಕುವ ದಾರಿ ಇದೆ. ಅದೂ ಒಳ್ಳೆಯದೇ. ನನಗೆ ಡಿಸ್ಕ್ ಬೇಕಿದ್ದದ್ದು ನೀರಿನ ಕಾರಣಕ್ಕೆ. ಹಳ್ಳ ದಾಟಿದಾಗ ಡ್ರಮ್ ಒಳಗೆ ನೀರು, ಕೆಸರು ಸೇರಿ ನಿಂತುಬಿಡುತ್ತದೆ, ದಡ ಹತ್ತಿದ ಮೇಲೆ ಪೆಡಲ್ ಒತ್ತಿದರೆ ಏನೂ ಆಗುವುದಿಲ್ಲ. ಡಿಸ್ಕಿನ ಮೇಲಿನ ನೀರನ್ನು ಪ್ಯಾಡ್ ಒಂದೆರಡು ಸುತ್ತಿನಲ್ಲೇ ಒರೆಸಿ ಹಾಕುತ್ತದೆ. ಮುಂದೆ ಡಿಸ್ಕ್ ಹಾಕಿ, ಹಿಂದೆ ಹೊಸ ಶೂ, ಹೊಸ ವೀಲ್ ಸಿಲಿಂಡರ್ ಹಾಕಿ ಡ್ರಮ್ಮನ್ನೇ ಉಳಿಸಿದೆ.

ಡಿಸ್ಕನ್ನು ಪ್ಯಾಡಿನಿಂದ ಅಮುಕಿ ಹಿಡಿಯುವುದು ಕ್ಯಾಲಿಪರ್. ಅದರ ಬ್ರಾಕೆಟ್ ಕೂರುವುದು ಹಬ್ ತಿರುಗುವ ಸ್ಪಿಂಡಲ್ ಹಿಡಿದಿರುವ ಆರು ಬೋಲ್ಟಿನ ಮೇಲೇ. ಅದನ್ನು ಬಿಚ್ಚಿದಾಗ ಒಳಗಿನ ಆಯಿಲ್ ಸೀಲ್ ಹಳೆಯದಿದ್ದರೆ ಬದಲಾಯಿಸಿಬಿಡಿ, ಇಲ್ಲವಾದರೆ ಗೇರ್ ಆಯಿಲ್ ಹೊಸ ಪ್ಯಾಡಿಗೇ ಬರುತ್ತದೆ. ರಿಮ್ ಒಳಗೆ ಕ್ಯಾಲಿಪರ್ ಹಿಡಿಸುತ್ತದಾ ಅಂತ ಸಾಮಾನು ಕೊಳ್ಳುವ ಮುಂಚೆಯೇ ಅಳೆಯಿರಿ. ಇನ್ನೊಂದು ವಿಷಯ. ಈ ಜೀಪಿನ ಎಡಗಡೆಯ ವೀಲ್ ಬೋಲ್ಟುಗಳಿಗೆ ಉಲ್ಟಾ ಥ್ರೆಡ್. ಮುಂದಿನ ಹಬ್ಬಿಗೆ ಹೊಸ ಬೋಲ್ಟ್ ಹಾಕಿದಾಗ ಎರಡೂ ಕಡೆ ಮಾಮೂಲಿ ಥ್ರೆಡ್ ಆಯಿತು. ಎಡಗಡೆ ಹಿಂದಿನ ಚಕ್ರ ಮಾತ್ರ ಹಳೆಯದೇ. ಅದರ ಮೇಲೆ ಬಣ್ಣ ಹಚ್ಚಿ ಗುರುತು ಮಾಡಿದ್ದೇನೆ, ಪಂಕ್ಚರ್ ಹಾಕುವವರು ಉಲ್ಟಾ ತಿರುಗಿಸಿ ಬೋಲ್ಟ್ ಮುರಿಯಬಾರದು ಅಲ್ವಾ.

ಮಾಸ್ಟರ್ ಸಿಲಿಂಡರಿನ ಲೆಕ್ಕ ಒಮ್ಮೆ ಕೂತು ಹಾಕಲೇಬೇಕು. ಎರಡು ಭಾಗದ ಸಿಲಿಂಡರ್ ಹಾಕುವುದಂತೂ ಖಚಿತವಾಗಿತ್ತು. ಮುಂದಿನ ಲೈನು ಒಡೆದರೂ ಹಿಂದಿನದು, ಹಿಂದಿನದು ಒಡೆದರೂ ಮುಂದಿನದು ಉಳಿಯುತ್ತದೆ. ಪ್ರಶ್ನೆ ಇದ್ದದ್ದು ಅಳತೆಯದು. ಕಾಲಿನಿಂದ 30 ಕೆಜಿ ಒತ್ತಿದಿರಿ, ಪೆಡಲ್ ಅದನ್ನು 6 ಪಟ್ಟು ಮಾಡಿತು ಅಂದುಕೊಳ್ಳಿ. ಪಿಸ್ಟನ್ ಮೇಲೆ 180 ಕೆಜಿ. 1 ಇಂಚಿನ ಪಿಸ್ಟನ್ ಆದರೆ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 35 ಕೆಜಿ ಒತ್ತಡ. 7/8 ಇಂಚಿನದಾದರೆ ಸುಮಾರು 46. ಸಣ್ಣದರಲ್ಲಿ ಒತ್ತಡ ಜಾಸ್ತಿ, ಆದರೆ ಅಷ್ಟೇ ಆಯಿಲ್ ತಳ್ಳೋಕೆ ಪೆಡಲ್ ಸುಮಾರು ಮೂರನೇ ಒಂದು ಭಾಗ ಹೆಚ್ಚು ಕೆಳಗೆ ಹೋಗಬೇಕು. ಕ್ಯಾಲಿಪರಿನ ದಪ್ಪ ಪಿಸ್ಟನ್ನಿಗೆ ಆಯಿಲ್ ಹೆಚ್ಚೇ ಬೇಕು. ಪೆಡಲ್ ನೆಲ ಮುಟ್ಟುವ ಬ್ರೇಕ್ ನನಗೆ ಬೇಡ. ಹಗುರ ಗಾಡಿ, ಪೆಡಲಿನ ಬಲ ಹೆಚ್ಚಿಸುವ ಬೂಸ್ಟರ್ ಇಲ್ಲದೆ 1 ಇಂಚಿನದ್ದೇ ಸಾಕಾಯಿತು. ಪೆಡಲ್ ಸ್ವಲ್ಪ ಗಟ್ಟಿ, ಆದರೆ ಎಷ್ಟು ಒತ್ತಿದರೆ ಎಷ್ಟು ಹಿಡಿಯುತ್ತದೆ ಅಂತ ಕಾಲಿಗೆ ತಿಳಿಯುತ್ತದೆ.

ಸಿಲಿಂಡರ್ ಫ್ಲೋರ್ ಕೆಳಗೆ ಇರುವುದರಿಂದ ಇನ್ನೊಂದು ತೊಡಕು. ಅದು ಕ್ಯಾಲಿಪರಿಗಿಂತ ತಗ್ಗಿನಲ್ಲಿರಬಹುದು. ಆಗ ಆಯಿಲ್ ನಿಧಾನಕ್ಕೆ ವಾಪಸ್ ಇಳಿದು, ಮೊದಲ ಸಲ ಒತ್ತಿದಾಗ ಪೆಡಲ್ ಖಾಲಿ ಹೋಗುತ್ತದೆ. ಇದಕ್ಕೆ ಡಿಸ್ಕ್ ಲೈನಿಗೆ 2 ಪಿಎಸ್ಐ (ಒತ್ತಡದ ಅಳತೆ), ಡ್ರಮ್ ಲೈನಿಗೆ 10 ಪಿಎಸ್ಐನ, ಲೈನಿನಲ್ಲಿ ಚೂರು ಒತ್ತಡ ಉಳಿಸುವ ರೆಸಿಡ್ಯುಯಲ್ ವಾಲ್ವ್ ಹಾಕಬೇಕು. ಡ್ರಮ್ಮಿಗೆ ಅಂತ ಮಾಡಿದ ಸಿಲಿಂಡರ್ ಆದರೆ ಒಳಗೇ 10ರ ವಾಲ್ವ್ ಇರಬಹುದು. ಅದು ಡಿಸ್ಕ್ ಕಡೆ ಉಳಿದರೆ ಪ್ಯಾಡ್ ಯಾವಾಗಲೂ ಉಜ್ಜುತ್ತಲೇ ಇರುತ್ತದೆ, ಹಬ್ ಕಾದು ಸುಡುತ್ತದೆ. ಪೆಡಲ್ ತುದಿಯಲ್ಲಿ ಸುಮಾರು ಅರ್ಧ ಇಂಚು ಖಾಲಿ ಆಟ ಬಿಡಿ. ಬಿಡದಿದ್ದರೆ ಆಯಿಲ್ ವಾಪಸ್ ಹೋಗುವ ಸಣ್ಣ ತೂತು ಮುಚ್ಚಿಕೊಂಡು, ಬಿಸಿಯಾದಂತೆ ಬ್ರೇಕ್ ತಾನಾಗೇ ಹಿಡಿದುಕೊಳ್ಳುತ್ತದೆ.

ಲೈನುಗಳನ್ನೆಲ್ಲ ತಾಮ್ರ-ನಿಕಲ್ ಪೈಪಿನಲ್ಲಿ ಹೊಸದಾಗಿ ಎಳೆದೆ, ತುದಿಗಳನ್ನು ಎರಡು ಮಡಿಕೆಯಾಗಿ ಅರಳಿಸಿ ಡಬಲ್ ಫ್ಲೇರ್ ಮಾಡಿದೆ. ಮುಂದಿನ ಹೋಸ್‌ಗಳನ್ನು ನೋಡುವ ಕ್ರಮ ಇದು: ಚಾಸಿಸ್ ಎತ್ತಿ ಆಕ್ಸಲ್ ಪೂರ್ತಿ ಜೋತುಬೀಳಲು ಬಿಡಿ, ಸ್ಟೇರಿಂಗನ್ನು ಎರಡೂ ಕಡೆ ಕೊನೆತನಕ ತಿರುಗಿಸಿ. ಹೋಸ್ ಬಿಗಿಯಬಾರದು, ಟೈರಿಗೂ ಸ್ಪ್ರಿಂಗಿಗೂ ತಾಗಬಾರದು.

ಹೀಗೆ ಎತ್ತುವ ಮುಂಚೆ ಹ್ಯಾಂಡ್ ಬ್ರೇಕ್ ನಂಬಬೇಡಿ. ಈ ಜೀಪಿನ ಹ್ಯಾಂಡ್ ಬ್ರೇಕ್ ಚಕ್ರದಲ್ಲಿಲ್ಲ, ಮುಂದಿನ ಹಿಂದಿನ ಆಕ್ಸಲ್ಲಿಗೆ ಇಂಜಿನ್ ಬಲ ಹಂಚುವ ಟ್ರಾನ್ಸ್‌ಫರ್ ಕೇಸಿನ ಹಿಂದೆ ಶಾಫ್ಟಿನ ಮೇಲಿದೆ. ಹಿಂದಿನ ಒಂದು ಚಕ್ರ ನೆಲ ಬಿಟ್ಟ ತಕ್ಷಣ ಡಿಫರೆನ್ಷಿಯಲ್ ಮೂಲಕ ಆ ಚಕ್ರ ಹಿಂದಕ್ಕೆ ತಿರುಗಿ, ನೆಲದ ಮೇಲಿರುವ ಚಕ್ರ ಉರುಳಬಹುದು. ಗಾಡಿ ಜಾಕಿಯಿಂದ ಬೀಳುತ್ತದೆ. ಚಕ್ರಕ್ಕೆ ಹಿಂದೆ ಮುಂದೆ ಮರದ ದಿಮ್ಮಿ ಇಟ್ಟೇ ಕೆಲಸ ಶುರು ಮಾಡಿ.

ಏರ್ ತೆಗೆಯುವಾಗ ಮೊದಲು ಮಾಸ್ಟರ್ ಸಿಲಿಂಡರನ್ನು ಹೊರಗೇ ಇಟ್ಟು ತೆಗೆದುಕೊಂಡರೆ ಅರ್ಧ ತಲೆನೋವು ಕಡಿಮೆ. ಹಿಂದಿನ ಲೈನಿಗೆ ಒತ್ತಡ ತಗ್ಗಿಸುವ ಪ್ರಪೋರ್ಷನಿಂಗ್ ವಾಲ್ವ್ ಹಾಕಿದ್ದೇನೆ. ಖಾಲಿ ಮೈದಾನದ ಜಲ್ಲಿಯ ಮೇಲೆ, ನಿಧಾನ ವೇಗದಲ್ಲಿ, ಜೋರಾಗಿ ಬ್ರೇಕ್ ಒತ್ತಿ ನೋಡಿ ಹೊಂದಿಸಿದೆ. ಮುಂದಿನ ಚಕ್ರ ಮೊದಲು ಲಾಕ್ ಆಗಬೇಕು. ಇಷ್ಟು ಗಿಡ್ಡ ಗಾಡಿಯಲ್ಲಿ ಹಿಂದಿನದು ಮೊದಲು ಲಾಕ್ ಆದರೆ ಹಿಂಭಾಗ ಗಿರಕ್ಕನೆ ತಿರುಗಿಬಿಡುತ್ತದೆ. ಕೈ ಸ್ಟೇರಿಂಗ್ ಮೇಲೆ ಹಗುರವಾಗಿ ಇಟ್ಟುಕೊಂಡು ಒತ್ತಿದಾಗಲೂ ಗಾಡಿ ಗೆರೆ ಎಳೆದ ಹಾಗೆ ನೇರ ನಿಂತಿತು. ಕಿಂಗ್ ಪಿನ್ನಿಗೂ ಬುಷ್‌ಗೂ ಕೊಟ್ಟ ಸಮಯ ಇಲ್ಲಿ ಕೈಗೆ ಸಿಕ್ಕಿತು.

ಬ್ರೇಕ್ ಆಯಿಲ್ ಡಾಟ್ 4 ದರ್ಜೆಯದು ಹಾಕಿದ್ದೇನೆ. ಹೊಸದು 230 ಡಿಗ್ರಿ ಸೆಲ್ಸಿಯಸ್ ತನಕ ಕುದಿಯಬಾರದು, ಆದರೆ ನೀರು ಹೀರಿಕೊಂಡ ಮೇಲೆ ಆ ಮಟ್ಟ 155ಕ್ಕೆ ಇಳಿಯುತ್ತದೆ. ಹಳ್ಳ ದಾಟುವ ಗಾಡಿ ಇದು, ಹಾಗಾಗಿ ವರ್ಷ ವರ್ಷ ಬದಲಾಯಿಸುತ್ತೇನೆ. ಅದೇ ದಿನ ಬಾಕ್ಸಿನ ಬೋಲ್ಟ್, ಕ್ಯಾಲಿಪರ್ ಬ್ರಾಕೆಟ್, ಯು ಬೋಲ್ಟ್‌ಗಳಿಗೆ ಟಾರ್ಕ್ ರೆಂಚ್ ಹಾಕಿ ನೋಡುತ್ತೇನೆ, ಮುಂದಿನ ಹಬ್ ಬಿಚ್ಚಿ ಗ್ರೀಸಿನಲ್ಲಿ ನೀರು ಸೇರಿದೆಯಾ ಅಂತಲೂ ನೋಡುತ್ತೇನೆ. ಗ್ರೀಸ್ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ಬೇರಿಂಗ್ ತೊಳೆದು ಹೊಸ ಗ್ರೀಸ್ ತುಂಬಬೇಕು, ಸೀಲನ್ನೂ ಬದಲಾಯಿಸಬೇಕು.