ಸಮಾವೇಶಕ್ಕೆ ಬಸ್ ಹೊರಡಿಸುವ ಉಸ್ತುವಾರಿಗಳಿಗೆ ಒಂದು ಕೈಪಿಡಿ

ಕರ್ನಾಟಕದಲ್ಲಿ ಯಾವುದೇ ಪಕ್ಷ ರಾಜ್ಯಮಟ್ಟದ ಸಮಾವೇಶವನ್ನು ಘೋಷಿಸಿದ ಕೂಡಲೇ ಜಿಲ್ಲಾ ಘಟಕದಿಂದ ತಾಲ್ಲೂಕಿಗೆ, ತಾಲ್ಲೂಕಿನಿಂದ ಬೂತಿಗೆ ಸೂಚನೆ ಇಳಿಯುತ್ತದೆ: ಇಷ್ಟು ಬಸ್ಸು, ಇಷ್ಟು ಜನ. ವೇದಿಕೆ, ಪೆಂಡಾಲು, ಊಟ, ಪ್ರಚಾರ ಇವಕ್ಕೆಲ್ಲ ಸಮಿತಿಗಳಿರುತ್ತವೆ. ಆದರೆ ಒಂದೊಂದು ಬಸ್ಸಿನ ಹೊಣೆ ಕೊನೆಗೆ ಒಬ್ಬ ಕಾರ್ಯಕರ್ತನ ಅಥವಾ ಕಾರ್ಯಕರ್ತೆಯ ಹೆಗಲಿಗೆ ಬೀಳುತ್ತದೆ, ಮತ್ತು ಆ ಉಸ್ತುವಾರಿಗೆ ಏನೇನು ಮಾಡಬೇಕೆಂದು ಹೇಳಿಕೊಡುವವರು ಸಾಮಾನ್ಯವಾಗಿ ಇರುವುದಿಲ್ಲ. ಈ ಬರಹ ಅಂಥವರಿಗಾಗಿ. ಯಾವ ಬಾವುಟ ಕಟ್ಟಿಕೊಂಡು ಹೊರಟರೂ ರಸ್ತೆ, ಚಾಲಕನ ನಿದ್ದೆ ಮತ್ತು ಜನರ ಹಸಿವು ಒಂದೇ ಆಗಿರುವುದರಿಂದ ಇಲ್ಲಿ ಪಕ್ಷದ ಹೆಸರಿಗೆ ಕೆಲಸವಿಲ್ಲ.

ಯೋಜನೆಯನ್ನು ಹೊರಡುವ ಹೊತ್ತಿನಿಂದಲ್ಲ, ಮರಳುವ ಹೊತ್ತಿನಿಂದ ಆರಂಭಿಸಬೇಕು. ಜನರನ್ನು ಸೇರಿಸಿ ಬಸ್ ಹತ್ತಿಸುವುದರಲ್ಲಿಯೇ ಎಲ್ಲರ ಉತ್ಸಾಹ ಮುಗಿದುಹೋಗುವುದರಿಂದ ವಾಪಸು ಬರುವ ದಾರಿಯ ಬಗ್ಗೆ ಯಾರೂ ಯೋಚಿಸಿರುವುದಿಲ್ಲ. ತೊಂದರೆಗಳು ಎದುರಾಗುವುದು ಬಹುತೇಕ ಅಲ್ಲಿಯೇ. ಬೆಂಗಳೂರಿನಿಂದ ಬೆಳಗಾವಿಗೆ ಹೋಗುವ ಒಂದು ಬಸ್ಸನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ತುಮಕೂರು, ಚಿತ್ರದುರ್ಗ, ದಾವಣಗೆರೆ, ಹಾವೇರಿ, ಹುಬ್ಬಳ್ಳಿ–ಧಾರವಾಡ ದಾಟಿ ಹೋಗುವ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಇದು ಸುಮಾರು 500 ಕಿ.ಮೀ. ದಾರಿ. ಚಹಾ, ಶೌಚಾಲಯದ ನಿಲುಗಡೆಗಳು ಸೇರಿದರೆ ಬಸ್ಸಿಗೆ ಹತ್ತು ಗಂಟೆ ಬೇಕು ಎಂದುಕೊಳ್ಳಿ. ಹಿಂದಿನ ರಾತ್ರಿ ಹತ್ತಕ್ಕೆ ಹೊರಟರೆ ಬೆಳಗ್ಗೆ ಎಂಟಕ್ಕೆ ಮುಟ್ಟಬಹುದು. ಆಹ್ವಾನಪತ್ರಿಕೆಯಲ್ಲಿ ಹನ್ನೊಂದಕ್ಕೆ ಎಂದಿರುವ ಕಾರ್ಯಕ್ರಮ ನಾಯಕರು ಬಂದ ಮೇಲೆ ಶುರುವಾಗಿ ಸಂಜೆ ಐದಕ್ಕೆ ಮುಗಿಯುತ್ತದೆ. ನಿಲುಗಡೆಯ ಮೈದಾನದಿಂದ ಬಸ್ಸು ಹೆದ್ದಾರಿಗೆ ಬರುವಷ್ಟರಲ್ಲಿ ಏಳಾಗುತ್ತದೆ. ಅಂದರೆ ಬೆಂಗಳೂರು ತಲುಪುವುದು ಮರುದಿನ ಬೆಳಗಿನ ಜಾವ ಐದಕ್ಕೆ. ಒಬ್ಬನೇ ಚಾಲಕನಿದ್ದರೆ ಅವನು ಸತತ ಎರಡು ರಾತ್ರಿ ಸ್ಟಿಯರಿಂಗ್ ಹಿಡಿದಿರುತ್ತಾನೆ. ನಡುವಿನ ಹಗಲಿನಲ್ಲಿ ಅವನಿಗೆ ಸಿಕ್ಕಿದ ನಿದ್ದೆ ಬಿಸಿಲಿಗೆ ಕಾದ ಬಸ್ಸಿನೊಳಗೆ, ಧ್ವನಿವರ್ಧಕದ ಸದ್ದಿನ ನಡುವಿನದ್ದು.

ಈ ಲೆಕ್ಕವನ್ನು ಕಾಗದದ ಮೇಲೆ ಒಮ್ಮೆ ಬರೆದು ನೋಡಿದ ಉಸ್ತುವಾರಿ ಎರಡನೆಯ ಚಾಲಕನಿಲ್ಲದೆ ಹೊರಡಲಾರರು. 2025ರ ನವೆಂಬರಿನವರೆಗೆ ಜಾರಿಯಲ್ಲಿದ್ದ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯೂ ಸಾಮಾನ್ಯವಾಗಿ ದಿನಕ್ಕೆ ಎಂಟು ಗಂಟೆಗಿಂತ ಹೆಚ್ಚು ದುಡಿಸಬಾರದು, ಐದು ಗಂಟೆ ದುಡಿದ ಮೇಲೆ ಕನಿಷ್ಠ ಅರ್ಧ ಗಂಟೆ ಬಿಡುವು ಕೊಡಬೇಕು ಎಂದು ಹೇಳುತ್ತಿತ್ತು. ಎರಡನೆಯ ಚಾಲಕನಿಗೆ ಹಣವಿಲ್ಲ ಎಂದು ಮುಖಂಡರು ಹೇಳಿದರೆ ಒಂದು ರಾತ್ರಿ ದಾರಿಯಲ್ಲಿ ಯಾವುದಾದರೂ ಕಲ್ಯಾಣ ಮಂಟಪದಲ್ಲಿಯೋ ಸಮುದಾಯ ಭವನದಲ್ಲಿಯೋ ತಂಗುವ ವ್ಯವಸ್ಥೆ ಮಾಡಿಸಿಕೊಳ್ಳಿ. ಅದೂ ಆಗದಿದ್ದರೆ ಆ ಬಸ್ಸನ್ನು ಹೊರಡಿಸದಿರುವುದೇ ಸರಿ. ಸಂಖ್ಯೆ ಕಡಿಮೆಯಾಯಿತೆಂದು ಬೈಸಿಕೊಳ್ಳುವುದು ಒಂದು ದಿನದ ಮಾತು.

ವಾಹನ ಮತ್ತು ಕಾಗದಪತ್ರ

ಸಾರಿಗೆ ನಿಗಮದ ಬಸ್ಸುಗಳನ್ನು ಸಾಂದರ್ಭಿಕ ಒಪ್ಪಂದದ ಮೇಲೆ ಬಾಡಿಗೆಗೆ ಪಡೆಯಬಹುದು. ಡಿಪೋದ ವ್ಯವಸ್ಥಾಪಕರಿಗೆ ಅಥವಾ ವಿಭಾಗೀಯ ಕಚೇರಿಗೆ ಬರಹದಲ್ಲಿ ಮನವಿ ಕೊಟ್ಟು, ಮುಂಗಡ ಕಟ್ಟಿ, ರಸೀದಿ ಪಡೆಯಬೇಕು. ಬಿಲ್ಲಿನಲ್ಲಿ ಕಿಲೋಮೀಟರ್ ಲೆಕ್ಕ ನಿಮ್ಮ ಊರಿನಿಂದಲ್ಲ, ಬಸ್ಸು ಡಿಪೋ ಬಿಟ್ಟಲ್ಲಿಂದ ಮತ್ತೆ ಡಿಪೋ ಸೇರುವವರೆಗೆ ಇರುತ್ತದೆ. ದಿನಕ್ಕೆ ಇಷ್ಟು ಕಿಲೋಮೀಟರ್ ಎಂಬ ಕನಿಷ್ಠ ಮಿತಿಯೂ ಇರುತ್ತದೆ. ಇದನ್ನು ಮೊದಲೇ ಕೇಳಿ ತಿಳಿದುಕೊಳ್ಳದವರು ಕೊನೆಯಲ್ಲಿ ಜಿಲ್ಲಾ ಖಜಾಂಚಿಯ ಎದುರು ನಿಂತು ವಿವರಣೆ ಕೊಡಬೇಕಾಗುತ್ತದೆ. ಸಮಾವೇಶದ ದಿನ ಇಡೀ ತಾಲ್ಲೂಕಿನ ಬಸ್ಸುಗಳು ಹೀಗೆ ಹೋದರೆ ಆಸ್ಪತ್ರೆಗೆ, ಪರೀಕ್ಷೆಗೆ ಹೊರಟವರು ನಿಲ್ದಾಣದಲ್ಲಿಯೇ ಉಳಿಯುತ್ತಾರೆ ಎಂಬುದನ್ನೂ ನೆನಪಿಡಬೇಕು. ಪಕ್ಷಕ್ಕೆ ಬರುವ ಕೆಟ್ಟ ಹೆಸರು ಅಲ್ಲಿಂದಲೇ ಶುರು.

ಖಾಸಗಿ ಬಸ್ಸಾದರೆ ಪರ್ಮಿಟ್, ಎಫ್‌ಸಿ (ವಾಹನ ಓಡಲು ಯೋಗ್ಯವೆಂಬ ಪ್ರಮಾಣಪತ್ರ), ವಿಮೆ, ತೆರಿಗೆ ಪಾವತಿ ಮತ್ತು ಚಾಲಕನ ಪರವಾನಗಿಗಳ ಫೋಟೊ ತೆಗೆದು ನಿಮ್ಮ ಮೊಬೈಲಿನಲ್ಲಿ ಇಟ್ಟುಕೊಳ್ಳಿ, ಮತ್ತು ಎಫ್‌ಸಿಯ, ವಿಮೆಯ ಕೊನೆಯ ದಿನಾಂಕಗಳನ್ನು ನೀವೇ ಓದಿ. ಪರಿಚಯದವರ ಬಿಳಿ ಬೋರ್ಡಿನ ವಾಹನವನ್ನು ಬಾಡಿಗೆ ಕೊಟ್ಟು ಒಯ್ಯುವ ರೂಢಿ ಎಲ್ಲೆಡೆ ಇದೆ; ಸ್ವಂತ ಬಳಕೆಗೆಂದು ನೋಂದಣಿಯಾದ ವಾಹನ ಬಾಡಿಗೆಗೆ ಓಡುವಾಗ ಅಪಘಾತವಾದರೆ ವಿಮಾ ಕಂಪನಿ ಕೈ ಎತ್ತಲು ಅದೊಂದೇ ಕಾರಣ ಸಾಕು. ಟ್ರ್ಯಾಕ್ಟರ್ ಟ್ರೇಲರು, ಗೂಡ್ಸ್ ಆಟೊ, ಲಾರಿಗಳಲ್ಲಿ ಜನರನ್ನು ತುಂಬುವುದರ ಬಗ್ಗೆ ಚರ್ಚೆಯೇ ಬೇಡ. ಬಸ್ಸಿನಲ್ಲಿಯೂ ಸೀಟಿಗಿಂತ ಹೆಚ್ಚು ಜನ ಹತ್ತಿದರೆ ಮೋಟಾರು ವಾಹನ ಕಾಯ್ದೆಯ 194ಎ ಕಲಂ ಪ್ರಕಾರ ಹೆಚ್ಚುವರಿ ಪ್ರಯಾಣಿಕರೊಬ್ಬರಿಗೆ 200 ರೂಪಾಯಿ ದಂಡವಿದೆ. ದಂಡದ ಮೊತ್ತ ದೊಡ್ಡದಲ್ಲ. ಆದರೆ ಹೆಚ್ಚಿನವರನ್ನು ಇಳಿಸಿ ಅವರಿಗೆ ಬೇರೆ ವಾಹನ ಮಾಡುವವರೆಗೆ ಬಸ್ಸನ್ನು ಬಿಡಬಾರದೆಂದು ಅದೇ ಕಲಂ ಹೇಳುತ್ತದೆ. ರಾತ್ರಿ ಒಂದು ಗಂಟೆಗೆ ಹೆದ್ದಾರಿಯ ಬದಿಯಲ್ಲಿ ಹತ್ತು ಜನರಿಗೆ ಬೇರೆ ವಾಹನ ಎಲ್ಲಿಂದ ತರುತ್ತೀರಿ?

ಚುನಾವಣೆ ಘೋಷಣೆಯಾಗಿ ನೀತಿಸಂಹಿತೆ ಜಾರಿಯಲ್ಲಿದ್ದರೆ ಇನ್ನಷ್ಟು ಎಚ್ಚರ ಬೇಕು. ಹತ್ತಕ್ಕಿಂತ ಹೆಚ್ಚು ವಾಹನಗಳು ಒಟ್ಟಾಗಿ ಸಾಲಾಗಿ ಹೋಗುವಂತಿಲ್ಲ, ನಡುವೆ ಅಂತರ ಬಿಡಬೇಕು. 50,000 ರೂಪಾಯಿಗಿಂತ ಹೆಚ್ಚು ನಗದು ದಾಖಲೆಯಿಲ್ಲದೆ ಕೈಯಲ್ಲಿದ್ದರೆ ಚೆಕ್‌ಪೋಸ್ಟಿನಲ್ಲಿ ಜಪ್ತಿಯಾಗಬಹುದು. ಆದ್ದರಿಂದ ಡೀಸೆಲ್, ಊಟದ ಹಣವನ್ನು ಆದಷ್ಟು ಯುಪಿಐ ಮೂಲಕವೇ ಕೊಡುವುದು ಒಳ್ಳೆಯದು. ಟೋಲ್‌ಗಾಗಿ ಫಾಸ್ಟ್ಯಾಗ್‌ನಲ್ಲಿ ಎಷ್ಟು ಹಣವಿದೆ, ಅದನ್ನು ತುಂಬಿಸುವವರು ಯಾರು ಎಂಬುದೂ ಹೊರಡುವ ಮೊದಲೇ ಇತ್ಯರ್ಥವಾಗಿರಲಿ.

ಯಾರನ್ನು ಕರೆದೊಯ್ಯಬೇಕು

ಸೀಟು ತುಂಬಿಸುವ ಆತುರದಲ್ಲಿ ಉಸ್ತುವಾರಿಗಳು ಯಾರು ಸಿಕ್ಕಿದರೂ ಹತ್ತಿಸಿಕೊಳ್ಳುತ್ತಾರೆ. ಕೆಲವರನ್ನು ಬಿಟ್ಟು ಹೋಗುವುದೇ ಅವರಿಗೆ ಮಾಡುವ ಉಪಕಾರ. ಸರ್ಕಾರಿ ನೌಕರರು ರಾಜಕೀಯ ಚಟುವಟಿಕೆಗಳಲ್ಲಿ ಭಾಗವಹಿಸುವುದನ್ನು 2021ರ ಕರ್ನಾಟಕ ನಾಗರಿಕ ಸೇವಾ (ನಡತೆ) ನಿಯಮಗಳು ನಿಷೇಧಿಸುತ್ತವೆ; ಬಸ್ಸಿನ ಕಿಟಕಿಯಲ್ಲಿ ಶಾಲು ಹೊದ್ದು ತೆಗೆಸಿಕೊಂಡ ಒಂದು ಸೆಲ್ಫಿ ಅವರ ಕೆಲಸಕ್ಕೇ ಕುತ್ತು ತಂದೀತು. ಚುನಾವಣಾ ಪ್ರಚಾರ ಮತ್ತು ರ‍್ಯಾಲಿಗಳಲ್ಲಿ ಮಕ್ಕಳನ್ನು ಬಳಸಬಾರದೆಂದು ಚುನಾವಣಾ ಆಯೋಗ 2024ರ ಫೆಬ್ರುವರಿಯಲ್ಲಿ ಪಕ್ಷಗಳಿಗೆ ಕಟ್ಟುನಿಟ್ಟಾಗಿ ಸೂಚಿಸಿದೆ. ಇತ್ತೀಚೆಗೆ ಶಸ್ತ್ರಚಿಕಿತ್ಸೆಯಾದವರು, ತುಂಬು ಗರ್ಭಿಣಿಯರು ಎಷ್ಟೇ ಅಭಿಮಾನದಿಂದ ಬರುತ್ತೇನೆಂದರೂ ಬೇಡವೆನ್ನಬೇಕು. ಯಾವ ಪಕ್ಷದ ಸಮಾವೇಶ, ಯಾವ ಊರಿನಲ್ಲಿ ಎಂಬುದೇ ಗೊತ್ತಿಲ್ಲದವರನ್ನು ಊಟದ ಆಸೆ ತೋರಿಸಿ ಹತ್ತಿಸುವುದಂತೂ ಇಬ್ಬರಿಗೂ ಮರ್ಯಾದೆಯಲ್ಲ.

ಪ್ರಯಾಣಿಕರ ಪಟ್ಟಿಯನ್ನು ಹಿಂದಿನ ದಿನವೇ ಎರಡು ಪ್ರತಿ ಮಾಡಿ, ಒಂದನ್ನು ಊರಿನಲ್ಲಿ ಉಳಿಯುವ ಯಾರಾದರೊಬ್ಬರಿಗೆ ಕೊಡಿ. ಹೆಸರು, ವಯಸ್ಸು, ಸ್ವಂತ ಮೊಬೈಲ್ ಸಂಖ್ಯೆ, ಮನೆಯವರೊಬ್ಬರ ಸಂಖ್ಯೆ, ನಿತ್ಯ ತೆಗೆದುಕೊಳ್ಳುವ ಮಾತ್ರೆ ಇಷ್ಟಿದ್ದರೆ ಸಾಕು. ಮಾತ್ರೆಯ ವಿಷಯವನ್ನು ಕೇಳಿಯೇ ಬರೆದುಕೊಳ್ಳಬೇಕು, ಏಕೆಂದರೆ ಬಿಪಿ, ಶುಗರ್ ಇರುವ ಹಿರಿಯರು ಒಂದು ದಿನಕ್ಕೇನು ಎಂದು ಮಾತ್ರೆಯನ್ನು ಮನೆಯಲ್ಲಿಯೇ ಬಿಟ್ಟು ಬರುತ್ತಾರೆ, ಅವರ ಒಂದು ದಿನ ಎರಡಾಗುತ್ತದೆ. "ಅಜ್ಜಾ, ಗುಳಿಗಿ ತಗೊಂಡೀರೇನು?" ಎಂದು ಬಸ್ಸಿನ ಮೆಟ್ಟಿಲ ಬಳಿಯೇ ನಿಂತು ಕೇಳಿ, ಜೇಬಿನಿಂದ ತೆಗೆದು ತೋರಿಸಿದ ಮೇಲೆಯೇ ಹತ್ತಿಸಿ.

ಮಹಿಳೆಯರು ಹೆಚ್ಚಾಗಿರುವ ಬಸ್ಸಿಗೆ ಮಹಿಳಾ ಉಸ್ತುವಾರಿಯೇ ಇರಬೇಕು. ದಾರಿಯ ನಿಲುಗಡೆಗಳನ್ನು ಶೌಚಾಲಯ ಚೆನ್ನಾಗಿರುವ ಪೆಟ್ರೋಲ್ ಬಂಕು, ಹೋಟೆಲುಗಳನ್ನು ನೋಡಿಕೊಂಡು ಮೊದಲೇ ಗುರುತಿಸಬೇಕು. ಇಲ್ಲದಿದ್ದರೆ ಹೆಣ್ಣುಮಕ್ಕಳು ನೀರು ಕುಡಿಯುವುದನ್ನೇ ಬಿಡುತ್ತಾರೆ, ಮಧ್ಯಾಹ್ನದ ಬಿಸಿಲಿನಲ್ಲಿ ತಲೆಸುತ್ತಿ ಬೀಳುವವರಲ್ಲಿ ಅವರೇ ಮೊದಲಿಗರಾಗುತ್ತಾರೆ.

ಊಟದ ಬಗ್ಗೆ ಸಂಘಟಕರು ಏನೇ ಭರವಸೆ ಕೊಟ್ಟಿದ್ದರೂ ಒಂದು ಹೊತ್ತಿನ ಬುತ್ತಿ ಬಸ್ಸಿನಲ್ಲಿರಲಿ. ಪುಳಿಯೋಗರೆ ದಿನವಿಡೀ ಕೆಡುವುದಿಲ್ಲ, ಮೊಸರನ್ನ ಮಧ್ಯಾಹ್ನಕ್ಕೇ ಹುಳಿಯಾಗುತ್ತದೆ. ಉತ್ತರ ಕರ್ನಾಟಕದವರು ಕಟಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡರೆ ಎರಡು ದಿನಕ್ಕೂ ಚಿಂತೆಯಿಲ್ಲ. ನೀರಿನ ಮಟ್ಟಿಗಂತೂ ಬೇರೆಯವರನ್ನು ನಂಬಬಾರದು. 1924ರ ಡಿಸೆಂಬರಿನಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಬೆಳಗಾವಿಯಲ್ಲಿ ಕಾಂಗ್ರೆಸ್ ಅಧಿವೇಶನ ನಡೆದಾಗ, ಗಂಗಾಧರರಾವ್ ದೇಶಪಾಂಡೆಯವರ ಮುಂದಾಳತ್ವದ ಸಂಘಟಕರು ಬರುವ ಜನರಿಗಾಗಿ ಟಿಳಕವಾಡಿಯಲ್ಲಿ ಬಾವಿಯನ್ನೇ ತೋಡಿಸಿದ್ದರು. ಕಾಂಗ್ರೆಸ್ ಬಾವಿ ಎಂದು ಕರೆಸಿಕೊಳ್ಳುವ ಅದು ಇಂದಿಗೂ ಅಲ್ಲಿದೆ. ಈಗಿನ ಸಂಘಟಕರು ಟ್ಯಾಂಕರ್ ತರಿಸುತ್ತಾರೆ, ಆದರೆ ಟ್ಯಾಂಕರ್ ಜನಸಂದಣಿಯ ಒಂದು ಅಂಚಿನಲ್ಲಿ ನಿಂತಿರುತ್ತದೆ, ನಿಮ್ಮವರು ಇನ್ನೊಂದು ಅಂಚಿನಲ್ಲಿ ಕುಳಿತಿರುತ್ತಾರೆ. ಇಪ್ಪತ್ತು ಲೀಟರಿನ ಕ್ಯಾನುಗಳನ್ನು ಬಸ್ಸಿನಲ್ಲಿಟ್ಟುಕೊಂಡು, ಪ್ರತಿಯೊಬ್ಬರೂ ತಮ್ಮದೇ ಬಾಟಲಿ ತರುವಂತೆ ಹೇಳಿ, ಒಳಗೆ ಹೋಗುವ ಮೊದಲು ತುಂಬಿಸಿಕೊಡಿ.

ಬಸ್ ನಿಲ್ಲಿಸುವ ಮೈದಾನ

ಸ್ಥಳ ತಲುಪಿದ ಮೇಲೆ ಉಸ್ತುವಾರಿಯ ನಿಜವಾದ ಕೆಲಸ ವೇದಿಕೆಯ ಬಳಿ ಇರುವುದಿಲ್ಲ, ಬಸ್ ನಿಲ್ಲಿಸಿದ ಹೊಲದಲ್ಲಿರುತ್ತದೆ. ದೊಡ್ಡ ಸಮಾವೇಶಗಳಲ್ಲಿ ವಾಹನ ನಿಲುಗಡೆ ಎರಡು ಮೂರು ಕಿಲೋಮೀಟರ್ ಆಚೆ, ಕಟಾವಾದ ಹೊಲಗಳಲ್ಲಿ ಇರುತ್ತದೆ. ಬೆಳಗ್ಗೆ ಇಳಿದಾಗ ನಿಮ್ಮದೊಂದೇ ಬಸ್ಸಿರುವ ಜಾಗ ಸಂಜೆ ಹೊತ್ತಿಗೆ ಗುರುತೇ ಸಿಗದಂತಾಗಿರುತ್ತದೆ: ಒಂದೇ ಬಣ್ಣದ ನೂರಾರು ಬಸ್ಸುಗಳು, ಎಲ್ಲದರ ಮುಂದೆಯೂ ಅದೇ ನಾಯಕರ ಮುಖವಿರುವ ಅದೇ ಬ್ಯಾನರು, ಹಿಂಭಾಗದಲ್ಲಿ ದೂಳು ಕುಳಿತು ಓದಲಾಗದ ನಂಬರ್ ಪ್ಲೇಟು. ಓದು ಬಾರದ ಹಿರಿಯರೊಬ್ಬರು ಈ ಸಾಲುಗಳ ನಡುವೆ ಸಿಕ್ಕಿದರೆ ಅವರನ್ನು ಹುಡುಕಲು ಎರಡು ಗಂಟೆ ಬೇಕು, ಉಳಿದವರೆಲ್ಲ ಬಸ್ಸಿನಲ್ಲಿ ಕುಳಿತು ಗೊಣಗುತ್ತಿರುತ್ತಾರೆ.

ಇದಕ್ಕೆ ಉಪಾಯ ಸುಲಭವಾಗಿದೆ, ಆದರೆ ಇಳಿಯುವ ಮೊದಲೇ ಮಾಡಬೇಕು. ಬಸ್ಸಿನ ನೋಂದಣಿ ಸಂಖ್ಯೆ, ಚಾಲಕನ ಮತ್ತು ಉಸ್ತುವಾರಿಯ ಮೊಬೈಲ್ ಸಂಖ್ಯೆ, ನಿಲುಗಡೆಯ ಹೆಸರು ಬರೆದ ಚೀಟಿಯನ್ನು ಪ್ರತಿಯೊಬ್ಬರ ಜೇಬಿಗೆ ಹಾಕಿ; ಬ್ಯಾಡ್ಜಿನ ಹಿಂಬದಿಗೆ ಅಂಟಿಸಿದರೆ ಇನ್ನೂ ಒಳ್ಳೆಯದು. ಸ್ಮಾರ್ಟ್‌ಫೋನ್ ಇರುವವರು ನಂಬರ್ ಪ್ಲೇಟಿನ ಫೋಟೊ ತೆಗೆದುಕೊಂಡು, ನಿಂತ ಜಾಗದ ಲೊಕೇಶನ್ ಉಳಿಸಿಕೊಳ್ಳಲಿ. ಮುಂಬಾಗಿಲ ಮೇಲೆ ಬೇರೆ ಯಾರೂ ಕಟ್ಟದಂಥ ಒಂದು ಗುರುತು ಕಟ್ಟಿ, ಹಳದಿ ಸೀರೆಯ ತುಂಡಾದರೂ ಆದೀತು. ಎಲ್ಲಕ್ಕಿಂತ ಮುಖ್ಯವಾಗಿ, ಲಕ್ಷಾಂತರ ಜನ ಒಂದೆಡೆ ಸೇರಿದಾಗ ಮೊಬೈಲ್ ಕರೆ ಹೋಗುವುದಿಲ್ಲ ಎಂದುಕೊಂಡೇ ಯೋಜನೆ ಮಾಡಿ: ಇಷ್ಟು ಗಂಟೆಗೆ ಇಂಥ ಜಾಗದಲ್ಲಿ ಸೇರಬೇಕು ಎಂಬುದನ್ನು ಬಾಯಿಯಲ್ಲಿಯೇ ಹೇಳಿ, ಹತ್ತತ್ತು ಜನರಿಗೆ ಒಬ್ಬರನ್ನು ಮುಂದಾಳುವಾಗಿ ನೇಮಿಸಿ, ಎಣಿಕೆಯನ್ನು ಅವರಿಗೆ ಒಪ್ಪಿಸಿ.

ಮೈದಾನದೊಳಗೆ ವೇದಿಕೆಯ ಹತ್ತಿರ ಹೋಗುವ ಆಸೆಯನ್ನು ಬಿಡಬೇಕು. 2025ರ ಸೆಪ್ಟೆಂಬರ್ 27ರಂದು ತಮಿಳುನಾಡಿನ ಕರೂರಿನಲ್ಲಿ ನಟ ವಿಜಯ್ ಅವರ ಪಕ್ಷದ ರ‍್ಯಾಲಿಗೆ ಬಂದು ಗಂಟೆಗಟ್ಟಲೆ ಕಾದಿದ್ದ ಜನರ ನಡುವೆ ಕಾಲ್ತುಳಿತವಾಗಿ 41 ಮಂದಿ ಸತ್ತರು. ನೂಕುನುಗ್ಗಲು ಹೆಚ್ಚುವುದು ನಾಯಕರು ಬರುವಾಗ ಮತ್ತು ಹೊರಡುವಾಗ, ಅದೂ ಬ್ಯಾರಿಕೇಡಿನ ಅಂಚಿನಲ್ಲಿ. ಆದ್ದರಿಂದ ನಿಮ್ಮವರನ್ನು ಹೊರದಾರಿ ಕಾಣುವ ಬದಿಯಲ್ಲಿ, ಎಲ್‌ಇಡಿ ಪರದೆ ಕಾಣುವಷ್ಟು ದೂರದಲ್ಲಿ ಕೂರಿಸಿ. ಭಾಷಣ ಅಲ್ಲಿಂದಲೂ ಅಷ್ಟೇ ಕೇಳಿಸುತ್ತದೆ. ಮುಖ್ಯ ಭಾಷಣ ಮುಗಿದ ಕ್ಷಣ ಇಡೀ ಮೈದಾನ ಎದ್ದು ನಿಲ್ಲುತ್ತದೆ. ಅದಕ್ಕಿಂತ ಕಾಲು ಗಂಟೆ ಮೊದಲು ಹೊರಡಬೇಕು, ಇಲ್ಲವೇ ವಂದನಾರ್ಪಣೆಯಾದ ಮೇಲೂ ಅರ್ಧ ಗಂಟೆ ಕುಳಿತಲ್ಲಿಯೇ ಕೂರಬೇಕು. ಎರಡರಲ್ಲಿ ಎರಡನೆಯದೇ ವಾಸಿ ಎಂಬುದು ನನ್ನ ಅಭಿಪ್ರಾಯ, ಏಕೆಂದರೆ ಬೇಗ ಹೊರಟವರೂ ಕೊನೆಗೆ ಅದೇ ನಿಲುಗಡೆಯ ಬಾಯಲ್ಲಿ ಸಿಕ್ಕಿಕೊಳ್ಳುತ್ತಾರೆ.

ಬಸ್ಸು ಹೊರಡುವ ಮೊದಲು ಪಟ್ಟಿ ಹಿಡಿದು ಹೆಸರು ಕೂಗಿ. ತಲೆ ಎಣಿಸುವುದು ಸಾಲದು. ದಾರಿ ತಪ್ಪಿದ ಬೇರೆ ಊರಿನವರು ನಿಮ್ಮ ಬಸ್ಸಿನಲ್ಲಿ ಕುಳಿತಿದ್ದರೆ ಎಣಿಕೆ ಸರಿಹೋಗುತ್ತದೆ, ನಿಮ್ಮವರು ಮಾತ್ರ ಹೊಲದಲ್ಲಿ ಉಳಿದಿರುತ್ತಾರೆ. ಚಾಲಕ ಕುಡಿದಿಲ್ಲ, ಹಗಲಿನಲ್ಲಿ ಮಲಗಿದ್ದ ಎಂಬುದನ್ನು ಮುಖ ನೋಡಿ ಮಾತಾಡಿಸಿಯೇ ಖಚಿತಪಡಿಸಿಕೊಳ್ಳಿ. ರಾತ್ರಿ ಒಂದರಿಂದ ಐದರವರೆಗೆ ಮುಂದಿನ ಸೀಟಿನಲ್ಲಿ ಎಚ್ಚರವಿರುವ ಒಬ್ಬರು ಕೂರಬೇಕು, ಎರಡು ಗಂಟೆಗೊಮ್ಮೆ ಬಸ್ಸು ನಿಲ್ಲಬೇಕು. ಅಪಘಾತವಾದರೆ 112 ಅಥವಾ 108ಕ್ಕೆ, ರಾಷ್ಟ್ರೀಯ ಹೆದ್ದಾರಿಯಲ್ಲಿ 1033ಕ್ಕೂ ಕರೆ ಮಾಡಬಹುದು. ರಸ್ತೆ ಅಪಘಾತದ ಗಾಯಾಳುಗಳಿಗೆ ಏಳು ದಿನಗಳವರೆಗೆ 1.5 ಲಕ್ಷ ರೂಪಾಯಿ ಮಿತಿಯಲ್ಲಿ ನಗದುರಹಿತ ಚಿಕಿತ್ಸೆ ನೀಡುವ ಕೇಂದ್ರದ ಯೋಜನೆ 2025ರ ಮೇ ತಿಂಗಳಿಂದ ಜಾರಿಯಲ್ಲಿದೆ. ಆಸ್ಪತ್ರೆಯವರು ಮುಂಗಡ ಕೇಳಿದಾಗ ಇದನ್ನು ಹೇಳಲು ಹಿಂಜರಿಯಬಾರದು.

ಊರು ಮುಟ್ಟಿದ ಮೇಲೆ ಒಬ್ಬೊಬ್ಬರೂ ಇಳಿದಂತೆ ಪಟ್ಟಿಯಲ್ಲಿ ಗುರುತು ಹಾಕಿ. ಒಂಟಿಯಾಗಿ ಮನೆಗೆ ನಡೆಯಬೇಕಾದ ಹೆಣ್ಣುಮಕ್ಕಳನ್ನು ಮನೆಯ ಹತ್ತಿರವೇ ಇಳಿಸಲು ಚಾಲಕನಿಗೆ ಹೇಳಿ. ಬಸ್ಸಿಗೆ ಕಟ್ಟಿದ್ದ ಬಾವುಟ, ಬ್ಯಾನರು ಬಿಚ್ಚಿಸಿ, ಸೀಟುಗಳ ಕೆಳಗೆ ಬಿಟ್ಟುಹೋದ ಚೀಲ, ಮೊಬೈಲುಗಳನ್ನು ಹುಡುಕಿಸಿ. ಆಮೇಲೆ ಮೀಟರಿನಲ್ಲಿರುವ ಕಿಲೋಮೀಟರ್ ಬರೆದುಕೊಂಡು, ಟ್ರಿಪ್ ಶೀಟಿಗೆ ಸಹಿ ಹಾಕಿ, ಚಾಲಕನ ಭತ್ಯೆಯನ್ನು ಅಲ್ಲಿಯೇ ಕೊಟ್ಟು ಕಳಿಸಿ.