ಓಸ್ವೆಸ್ಟ್ರಿಯ ಬಾಗಿಲುಗಳಲ್ಲಿ ಯುರೋಪಿನ ಮಾತು

2016ರ ಜೂನ್ 23ರಂದು ನನ್ನ ಹತ್ತಿರ ಇದ್ದದ್ದು ಭಾರತದ ಪಾಸ್‌ಪೋರ್ಟ್. ಆದರೂ ಬ್ರಿಟನ್ ಯುರೋಪಿಯನ್ ಒಕ್ಕೂಟದಲ್ಲಿ ಇರಬೇಕೋ ಬಿಡಬೇಕೋ ಎಂಬ ಜನಮತಗಣನೆಯಲ್ಲಿ ಓಟು ಹಾಕಿದೆ. ಇಲ್ಲಿ ನೆಲೆಸಿರುವ ಕಾಮನ್‌ವೆಲ್ತ್ ದೇಶದವರಿಗೆ ಆ ಹಕ್ಕಿದೆ. ಆಸ್ಪತ್ರೆಯ ಔಷಧ ವಿಭಾಗದಲ್ಲಿ ನನ್ನ ಪಕ್ಕದಲ್ಲೇ ಕೆಲಸ ಮಾಡುತ್ತಿದ್ದ ಇಟಲಿಯ ಗೆಳತಿ ಹದಿನೈದು ವರ್ಷದಿಂದ ಇಲ್ಲಿ ತೆರಿಗೆ ಕಟ್ಟುತ್ತಿದ್ದಳು, ಅವಳಿಗೆ ಓಟಿರಲಿಲ್ಲ. ‘ನಿನ್ನ ಓಟಲ್ಲಿ ನಂದೂ ಅರ್ಧ ಇದೆ ಅಂದ್ಕೋ’ ಅಂದಿದ್ದಳು. ಮರುದಿನ ಬೆಳಗ್ಗೆ ಫಲಿತಾಂಶ ಬಂತು: ಬಿಡಬೇಕು ಅಂದವರು ಶೇ. 51.9, ಇರಬೇಕು ಅಂದವರು ಶೇ. 48.1. ಅವಳು ಬಂದಳು, ಕೋಟು ತೆಗೆದಿಟ್ಟಳು, ಒಂದು ಮಾತೂ ಆಡದೆ ಮಾತ್ರೆ ಎಣಿಸುತ್ತ ನಿಂತಳು. ನಾನು ಯುರೋಪಿನ ಪರ ನಿಂತಿದ್ದ ಲಿಬರಲ್ ಡೆಮಾಕ್ರಾಟ್ ಪಕ್ಷದ ಕರಪತ್ರ ಹಿಡಿದು ಬೀದಿಗಿಳಿದದ್ದು ಆ ಬೆಳಗಿನಿಂದಾಗಿ.

ಮೊದಲು ನಾನು ಮಾಡಿದ ತಪ್ಪು ಹೇಳಬೇಕು. 2019ರ ಮೇ ತಿಂಗಳ ಯುರೋಪಿಯನ್ ಸಂಸತ್ತಿನ ಚುನಾವಣೆಯಲ್ಲಿ ನಮ್ಮ ಪಕ್ಷಕ್ಕೆ 16 ಸೀಟು ಬಂದಿತ್ತು. ಇಡೀ ದೇಶವೇ ನಮ್ಮ ಕಡೆ ತಿರುಗಿದೆ ಅಂತ ನಂಬಿಬಿಟ್ಟೆವು. ಸೆಪ್ಟೆಂಬರಿನಲ್ಲಿ ಬೋರ್ನ್‌ಮತ್‌ನ ಸಮಾವೇಶ ಒಂದು ನಿರ್ಣಯ ಮಾಡಿತು: ಬಹುಮತ ಬಂದರೆ ಇನ್ನೊಂದು ಜನಮತಗಣನೆಯೂ ಬೇಡ, ಬ್ರೆಕ್ಸಿಟ್ಟನ್ನು, ಅಂದರೆ ಒಕ್ಕೂಟ ಬಿಡುವುದನ್ನು, ನೇರವಾಗಿ ರದ್ದು ಮಾಡುತ್ತೇವೆ. ನಾನಿರುವ ವೋಕಿಂಗಮ್‌ನಲ್ಲಿ, ಕನ್ಸರ್ವೇಟಿವ್ ಪಕ್ಷ ಬಿಟ್ಟು ನಮ್ಮ ಕಡೆ ಬಂದಿದ್ದ ಫಿಲಿಪ್ ಲೀ ಅಭ್ಯರ್ಥಿ. ಒಂದು ಸಂಜೆ ಒಂದು ಮನೆಯ ಬಾಗಿಲು ತಟ್ಟಿದೆ. ಎಪ್ಪತ್ತರ ಆಸುಪಾಸಿನ ಯಜಮಾನರು, ಅವರ ಹಿಂದೆ ಹೆಂಡತಿ. ‘ನಾನು ಹಾಕಿದ ಓಟು ನಿಮ್ಮ ಲೆಕ್ಕಕ್ಕೇ ಇಲ್ವಾ?’ ಅಂತ ಕೇಳಿದರು. ನಾನು ಅಂಕಿಅಂಶ ಬಿಚ್ಚಿ ಹತ್ತು ನಿಮಿಷ ವಾದ ಮಾಡಿದೆ. ವಾದದಲ್ಲಿ ಗೆದ್ದೆ ಅನ್ನಿಸಿತ್ತು. ಮೊದಲು ನನ್ನ ಕಡೆ ನೋಡಿ ತಲೆಯಾಡಿಸುತ್ತಿದ್ದ ಆಕೆ, ಗಂಡನ ಮುಖ ಕೆಂಪಾಗುತ್ತ ಬಂದ ಹಾಗೆ ತಲೆಯಾಡಿಸುವುದು ನಿಲ್ಲಿಸಿ, ಕೊನೆಗೆ ತಾನೇ ಬಾಗಿಲು ಹಾಕಿಕೊಂಡರು. ಬರಬಹುದಾಗಿದ್ದ ಒಂದು ಓಟನ್ನೂ ಕಳೆದುಕೊಂಡು ಬಂದಿದ್ದೆ.

ಡಿಸೆಂಬರ್ 12ರಂದು ದೇಶಕ್ಕೆಲ್ಲ ನಮಗೆ ಬಂದದ್ದು 11 ಸೀಟು. ನಮ್ಮ ನಾಯಕಿ ಜೋ ಸ್ವಿನ್ಸನ್ ತಮ್ಮ ಕ್ಷೇತ್ರವನ್ನೇ 149 ಓಟಿನಿಂದ ಸೋತರು. ಲಂಡನ್ನಿನ ಕೆನ್ಸಿಂಗ್ಟನ್‌ನಲ್ಲಿ ಲೇಬರ್ ಪಕ್ಷ ಕನ್ಸರ್ವೇಟಿವ್ ಪಕ್ಷದೆದುರು ಸೋತದ್ದು 150 ಓಟಿನಿಂದ. ಅಲ್ಲಿ ನಾವು ತೆಗೆದುಕೊಂಡಿದ್ದು ಒಂಬತ್ತು ಸಾವಿರಕ್ಕೂ ಹೆಚ್ಚು. ಕರ್ನಾಟಕದ ತ್ರಿಕೋನ ಸ್ಪರ್ಧೆಗಳನ್ನು ನೋಡಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಯುರೋಪಿನ ಪರ ಇದ್ದವರ ಓಟು ಹಂಚಿಹೋಯಿತು, ಕನ್ಸರ್ವೇಟಿವ್ ಪಕ್ಷದ ಪ್ರಧಾನಿ ಬೋರಿಸ್ ಜಾನ್ಸನ್‌ಗೆ 80ರ ಬಹುಮತ ಬಂತು. 2020ರ ಜನವರಿ 31ರ ರಾತ್ರಿ ಬ್ರಿಟನ್ ಹೊರಗೆ ಬಂತು.

ಆಮೇಲಿನ ಸುಮಾರು ಎರಡು ವರ್ಷ ನಮ್ಮ ಸ್ಥಳೀಯ ಗುಂಪಿನಲ್ಲಿ ಒಂದೇ ಜಗಳ. ಪ್ರತಿ ಕರಪತ್ರದಲ್ಲೂ ‘ಮತ್ತೆ ಸೇರೋಣ’ ಅಂತ ಬರೆಯಬೇಕು ಅನ್ನುವವರು ಕೆಲವರು. ಆ ಪದ ಬಾಯಲ್ಲಿ ಬರಲೇಬಾರದು ಅನ್ನುವವರು ಕೆಲವರು. ನಾನು ಮೊದಲ ಗುಂಪಿನವಳು. ನನ್ನ ಮನಸ್ಸು ಬದಲಾದದ್ದು ನಾರ್ತ್ ಶ್ರಾಪ್‌ಶೈರ್‌ನಲ್ಲಿ.

ವೇಲ್ಸ್ ಗಡಿಯ ಪಕ್ಕದ, ದನ, ಕುರಿ, ಹಾಲಿನ ಸೀಮೆ ಅದು. ಓಸ್ವೆಸ್ಟ್ರಿ, ವಿಟ್‌ಚರ್ಚ್, ಮಾರ್ಕೆಟ್ ಡ್ರೇಟನ್ ಅಲ್ಲಿನ ಊರುಗಳು. 2016ರಲ್ಲಿ ಅಲ್ಲಿ ನೂರಕ್ಕೆ ಅರವತ್ತರಷ್ಟು ಜನ ‘ಬಿಡಬೇಕು’ ಅಂದಿದ್ದರು. 2019ರಲ್ಲಿ ಕನ್ಸರ್ವೇಟಿವ್ ಪಕ್ಷ ಸುಮಾರು 23 ಸಾವಿರದ ಅಂತರದಲ್ಲಿ ಗೆದ್ದಿತ್ತು, ಲೇಬರ್ ಎರಡನೆಯದು, ನಾವು ಶೇ. 10ರೊಂದಿಗೆ ಮೂರನೆಯವರು. ಅಲ್ಲಿನ ಸಂಸದ ಓವೆನ್ ಪ್ಯಾಟರ್ಸನ್ ರಾಜೀನಾಮೆ ಕೊಟ್ಟು 2021ರ ಡಿಸೆಂಬರ್ 16ಕ್ಕೆ ಉಪಚುನಾವಣೆ ಬಂತು. ನಾನು ರಜೆ ಹಾಕಿ ಹೊರಟೆ. ಹಾಸನದಿಂದ ಅಮ್ಮ ಫೋನಿನಲ್ಲಿ, ‘ಅಲ್ವೇ, ಆ ಚಳೀಲಿ ಹೋಗಿ ಯಾರ ಮನೆ ಬಾಗ್ಲು ತಟ್ತೀಯೇ?’ ಅಂದಳು.

ಅಲ್ಲಿ ಕಲಿತ ಮೊದಲ ವಿದ್ಯೆ ಕೈಯದ್ದು. ಇಲ್ಲಿನ ಬಾಗಿಲುಗಳಲ್ಲಿ ಕಾಗದ ಹಾಕುವ ಸೀಳಿಗೆ ಒಳಗಡೆ ದಪ್ಪ ಬ್ರಷ್ಷು, ಬಿಗಿಯಾದ ಸ್ಪ್ರಿಂಗು. ಆಚೆ ಕಡೆ ನಾಯಿ ಬಾಯಿ ತೆರೆದು ಕಾಯುತ್ತಿರುತ್ತದೆ. ಬೆರಳು ಒಳಗೆ ಹಾಕಬಾರದು. ಮರದ ಸಟ್ಟುಗದ ಮೇಲೆ ಕರಪತ್ರ ಸುತ್ತಿ ತಳ್ಳಬೇಕು. ನನ್ನ ಕೋಟಿನ ಜೇಬಿನಲ್ಲಿ ಇವತ್ತಿಗೂ ಒಂದು ಸಟ್ಟುಗ ಇರುತ್ತದೆ.

ಎರಡನೆಯದು ಬಾಯಿಯದ್ದು. ಹೆಸರು ಹೇಳಿದ ಮೇಲೆ ಒಂದೇ ಪ್ರಶ್ನೆ: ‘ಈಗ ಇಲ್ಲಿ ನಿಮಗೆ ಏನು ಕಷ್ಟ ಆಗ್ತಿದೆ?’ ಅಲ್ಲಿಂದ ಮುಂದೆ ಸುಮ್ಮನಿರಬೇಕು. ನನಗೆ ಬಹಳ ಕಷ್ಟವಾದದ್ದು ಈ ಸುಮ್ಮನಿರುವುದೇ. ಮೂರು ದಿನದಲ್ಲಿ ಬಾಗಿಲು ಬಾಗಿಲಲ್ಲೂ ಕೇಳಿದ್ದು ಆಂಬುಲೆನ್ಸ್. ಬಿದ್ದ ತಾಯಿಯನ್ನು ನೆಲದ ಮೇಲೆ ಕಂಬಳಿ ಹೊದಿಸಿ ಗಂಟೆಗಟ್ಟಲೆ ಕಾದ ಮಗಳು ಅಂಗಳದಲ್ಲೇ ಅತ್ತಳು. ಅವಳ ಮುಂದೆ ಒಕ್ಕೂಟದ ಏಕ ಮಾರುಕಟ್ಟೆಯ (ಒಂದೇ ನಿಯಮದಡಿ ಸರಕು, ಜನ ಅಡ್ಡಿಯಿಲ್ಲದೆ ಓಡಾಡುವ ವ್ಯವಸ್ಥೆ) ಮಾತು ತೆಗೆಯಲು ನನಗೆ ನಾಚಿಕೆಯಾಯಿತು. ಅವಳು ಹೇಳಿದ್ದನ್ನು ಗೇಟು ದಾಟಿದ ಮೇಲೆ ಬರೆದುಕೊಂಡೆ. ಎದುರಿಗೇ ಬರೆದುಕೊಂಡರೆ ಜನ ಮಾತು ಕಟ್ಟಿಬಿಡುತ್ತಾರೆ.

ಮೂರನೆಯ ದಿನ ಮಧ್ಯಾಹ್ನ ಒಂದು ಹಾಲಿನ ಫಾರಂ. ನಾಲ್ಕು ಗಂಟೆಗೆಲ್ಲ ಕತ್ತಲಾಗುವ ಕಾಲ. ಮೊಣಕಾಲುದ್ದದ ರಬ್ಬರ್ ಬೂಟು ಹಾಕಿದ ರೈತ ಹಾಲು ಕರೆಯುವ ಕೊಟ್ಟಿಗೆಯಿಂದ ಕೈ ಒರೆಸಿಕೊಳ್ಳುತ್ತ ಬಂದ. ‘ಮೊದಲೇ ಹೇಳಿಬಿಡ್ತೀನಿ, ನಾನು ಹೊರಗೆ ಹೋಗೋಣ ಅಂತ ಓಟು ಹಾಕಿದವನು’ ಅಂದ. ‘ಅದನ್ನ ಕೇಳೋಕೆ ನಾನು ಬಂದಿಲ್ಲ’ ಅಂದೆ. ಆಮೇಲೆ, ನಮ್ಮಮ್ಮ ಎರಡು ಹೊತ್ತು ಡೈರಿಗೆ ಹಾಲು ಹಾಕಿ ನನ್ನನ್ನು ಓದಿಸಿದವಳು ಅಂತ ಹೇಳಿದೆ. ಎಷ್ಟು ಹಸು, ಫ್ಯಾಟ್ ಎಷ್ಟು ಬರುತ್ತೆ, ದರ ಹೇಗೆ ಕಟ್ಟುತ್ತಾರೆ ಅಂತ ಒಂದೊಂದಾಗಿ ಕೇಳಿದ. ಆಗ ತಾನೇ ಅಕ್ಟೋಬರಿನಲ್ಲಿ ಸರ್ಕಾರ ನ್ಯೂಜಿಲೆಂಡ್ ಜೊತೆ ವ್ಯಾಪಾರ ಒಪ್ಪಂದಕ್ಕೆ ತಾತ್ವಿಕವಾಗಿ ಒಪ್ಪಿಕೊಂಡಿತ್ತು, ಆಸ್ಟ್ರೇಲಿಯಾದ್ದು ಸಹಿಗೆ ಕಾದಿತ್ತು. ಅವನ ಭಯ ಅದು. ನಮ್ಮ ಕಡೆಯ ರೈತರೂ ನ್ಯೂಜಿಲೆಂಡ್ ಹಾಲಿನ ಪುಡಿಗೆ ಹೆದರಿ ಬೀದಿಗಿಳಿದದ್ದು, 2019ರ ನವೆಂಬರಿನಲ್ಲಿ ಭಾರತ ಏಷ್ಯಾ-ಪೆಸಿಫಿಕ್ ದೇಶಗಳ ಆರ್‌ಸಿಇಪಿ ವ್ಯಾಪಾರ ಒಪ್ಪಂದದಿಂದ ಹಿಂದೆ ಸರಿದದ್ದು ಹೇಳಿದೆ. ಅವನು ಬಾಗಿಲ ಚೌಕಟ್ಟಿಗೆ ಒರಗಿ ನಿಂತ.

ಆಮೇಲೆ ಯುರೋಪನ್ನು ತೆಗೆದವನು ಅವನೇ. ಅವನ ತಮ್ಮ ಸಾಕುವ ಕುರಿಯ ಮಾಂಸ ಫ್ರಾನ್ಸಿಗೆ ಹೋಗುತ್ತದಂತೆ. ಈಗ ಪ್ರತಿ ಲೋಡಿಗೂ ಪಶುವೈದ್ಯರ ಸಹಿಯ ಆರೋಗ್ಯ ಪ್ರಮಾಣಪತ್ರ ಬೇಕು, ಅದಕ್ಕೆ ಶುಲ್ಕ, ಕಾಯುವುದು. ‘ಹೀಗಾಗುತ್ತೆ ಅಂತ ನಮಗೆ ಯಾರೂ ಹೇಳಿರಲಿಲ್ಲ’ ಅಂದ. 2019ರ ನಾನಾಗಿದ್ದರೆ ‘ನಾವು ಹೇಳಿದ್ದೆವಲ್ಲ’ ಅನ್ನುತ್ತಿದ್ದೆ. ಆವತ್ತು ಅದನ್ನು ನುಂಗಿಕೊಂಡು, ಆಹಾರ ಮತ್ತು ಪ್ರಾಣಿ ಆರೋಗ್ಯದ ನಿಯಮಗಳ ಬಗ್ಗೆ ಒಕ್ಕೂಟದ ಜೊತೆ ಒಂದು ಒಪ್ಪಂದವಾದರೆ ಆ ಕಾಗದದ ಬಹುಪಾಲು ಬೇಡವಾಗುತ್ತದೆ, ನಮ್ಮ ಪಕ್ಷ ಕೇಳುತ್ತಿರುವುದು ಮೊದಲು ಅದನ್ನೇ ಅಂತ ಹೇಳಿದೆ. ಅಷ್ಟೇ. ಅವನು ಓಟು ಹಾಕುತ್ತೇನೆ ಅಂತ ಹೇಳಲಿಲ್ಲ. ಕತ್ತಲಲ್ಲಿ ಗೇಟಿನ ತನಕ ಟಾರ್ಚು ಹಿಡಿದು ಬಂದ.

ಮತದಾನದ ದಿನ ಮತಗಟ್ಟೆಯ ಹೊರಗೆ ಪಕ್ಷದ ಗುರುತಾದ ಕಿತ್ತಳೆ ಬಣ್ಣದ ರಿಬ್ಬನ್ ಹೂವು, ರೋಸೆಟ್, ಚುಚ್ಚಿಕೊಂಡು ನಿಂತೆ. ಇಲ್ಲಿ ಪಕ್ಷದವರು ಬಾಗಿಲ ಹತ್ತಿರವೇ ನಿಂತು, ಓಟು ಹಾಕಿ ಬಂದವರ ಮತದಾರ ಸಂಖ್ಯೆ ಕೇಳಿ ಗುರುತು ಮಾಡಿಕೊಳ್ಳಬಹುದು. ಹೇಳುವುದು ಬಿಡುವುದು ಅವರಿಷ್ಟ. ಇನ್ನೂ ಬರದ ನಮ್ಮವರನ್ನು ಸಂಜೆಯೊಳಗೆ ಕರೆತರಲು ಈ ಲೆಕ್ಕ. ನಿವೃತ್ತ ಶಿಕ್ಷಕಿಯೊಬ್ಬರು ನನ್ನ ಹತ್ತಿರ ಬಂದು ತಾವು ನಲವತ್ತು ವರ್ಷದಿಂದ ಲೇಬರ್ ಅಂದರು. ‘ಈ ಸಲ ಮಾತ್ರ ನಿಮಗೆ ನನ್ನ ಓಟು ಕಡ ಕೊಟ್ಟಿದೀನಿ. ವಾಪಸ್ ಕೇಳ್ತೀನಿ’ ಅಂದರು. ಎರಡು ಪಕ್ಷಗಳ ನಡುವೆ ಯಾವ ಒಪ್ಪಂದವೂ ಇರಲಿಲ್ಲ. ಜನ ತಾವೇ ಲೆಕ್ಕ ಹಾಕಿದ್ದರು. ಬೆಳಗಿನ ಜಾವ ನಮ್ಮ ಹೆಲೆನ್ ಮಾರ್ಗನ್ 5,925 ಓಟಿನಿಂದ ಗೆದ್ದರು. ಲಾಕ್‌ಡೌನ್ ಹೊತ್ತಿನಲ್ಲಿ ಪ್ರಧಾನಿಯ ಕಚೇರಿಯಲ್ಲಿ ನಡೆದ ಪಾರ್ಟಿಗಳ ಸಿಟ್ಟು ಇದರಲ್ಲಿ ದೊಡ್ಡ ಪಾಲು, ಅದನ್ನು ಮರೆಮಾಚುವುದು ಸರಿಯಲ್ಲ.

ಅಲ್ಲಿಂದ ಬಂದ ಮೇಲೆ ವೋಕಿಂಗಮ್‌ನಲ್ಲೂ ಹೀಗೇ ಕೆಲಸ ಮಾಡಿದೆವು. ಬ್ರೆಕ್ಸಿಟ್‌ನಿಂದ ಉತ್ಪಾದಕತೆ ದೀರ್ಘಾವಧಿಯಲ್ಲಿ ಶೇ. 4ರಷ್ಟು ತಗ್ಗುತ್ತದೆ ಎಂಬ ಅಧಿಕೃತ ಅಂದಾಜನ್ನು ನಾನು ಬಾಗಿಲಲ್ಲಿ ಹೇಳುವುದು ಬಿಟ್ಟೆ. ಅದು ಸುಳ್ಳಲ್ಲ, ಆದರೆ ಶೇ. 4 ಯಾರ ಅಡುಗೆಮನೆಯಲ್ಲೂ ಕಣ್ಣಿಗೆ ಬೀಳುವುದಿಲ್ಲ. 2024ರ ಜುಲೈ 4ರಂದು ದೇಶದಲ್ಲಿ ನಮಗೆ ಬಂದ ಒಟ್ಟು ಓಟು 2019ಕ್ಕಿಂತ ಕಡಿಮೆ, ಸುಮಾರು 35 ಲಕ್ಷ. ಸೀಟು ಮಾತ್ರ 11ರಿಂದ 72. ಗೆಲ್ಲಬಹುದಾದ ಕಡೆ ಮಾತ್ರ ದುಡಿದದ್ದು, ಲೇಬರ್‌ನವರು ನಮಗೆ, ನಮ್ಮವರು ಲೇಬರ್‌ಗೆ ಓಟು ಕಡ ಕೊಟ್ಟದ್ದು, ಎರಡೂ ಸೇರಿ ಆದದ್ದು. ವೋಕಿಂಗಮ್ ಕೂಡ ನಮ್ಮದಾಯಿತು.

ಆದರೆ ಆ ರಾತ್ರಿಯ ಸಂತೋಷದ ಜೊತೆಗೇ ನನಗೊಂದು ಕಸಿವಿಸಿ ಇತ್ತು. ಏಕ ಮಾರುಕಟ್ಟೆಗೆ ಹಂತ ಹಂತವಾಗಿ ಮರಳುವ ದಾರಿ ನಮ್ಮ ಪ್ರಣಾಳಿಕೆಯಲ್ಲಿತ್ತು, ನಮ್ಮ ಬಾಯಲ್ಲಿ ಇರಲಿಲ್ಲ. ಎದುರಿನವರು ಮಾತಾಡಲಿ ಎಂದು ಸುಮ್ಮನಿರುವುದು ಬೇರೆ, ಹೆದರಿ ಸುಮ್ಮನಿರುವುದು ಬೇರೆ. ನಾವು ಕೊನೆಕೊನೆಗೆ ಎರಡನೆಯದಕ್ಕೆ ಜಾರಿದ್ದೆವು. ಆ ಚುನಾವಣೆ ಗೆದ್ದು ಪ್ರಧಾನಿಯಾದ ಲೇಬರ್ ಪಕ್ಷದ ಕೀರ್ ಸ್ಟಾರ್ಮರ್ ಏಕ ಮಾರುಕಟ್ಟೆಯೂ ಇಲ್ಲ, ಕಸ್ಟಮ್ಸ್ ಒಕ್ಕೂಟವೂ (ತಮ್ಮೊಳಗೆ ಸುಂಕವಿಲ್ಲದ ದೇಶಗಳ ಕೂಟ) ಇಲ್ಲ, ಮುಕ್ತ ಸಂಚಾರವೂ ಇಲ್ಲ ಎಂದು ಗೆರೆ ಎಳೆದಾಗ ಎದುರು ನಿಂತು ಕೇಳಬೇಕಾದವರು ವಿರೋಧಪಕ್ಷದ ಸಾಲಿನಲ್ಲಿದ್ದ ನಾವೇ. ಸ್ಥಳೀಯ ಸಭೆಯಲ್ಲಿ ಇದನ್ನು ಎದ್ದು ನಿಂತು ಹೇಳಿದೆ. 2025ರ ಜನವರಿಯಲ್ಲಿ ನಮ್ಮ ಪಕ್ಷದ ನಾಯಕ ಎಡ್ ಡೇವಿ ಕಸ್ಟಮ್ಸ್ ಒಕ್ಕೂಟ ಬೇಕೆಂದು ಬಹಿರಂಗವಾಗಿ ಕೇಳಿದ ದಿನ ನನಗೆ ಉಸಿರು ಬಂದ ಹಾಗಾಯಿತು. ಮೇ 19ರಂದು ಲಂಡನ್ನಿನ ಲಂಕಾಸ್ಟರ್ ಹೌಸ್‌ನಲ್ಲಿ ಬ್ರಿಟನ್ ಮತ್ತು ಒಕ್ಕೂಟದ ಶೃಂಗಸಭೆ ನಡೆದು, ಆಹಾರ ಮತ್ತು ಪ್ರಾಣಿ ಆರೋಗ್ಯದ ಒಪ್ಪಂದ ಮಾಡಿಕೊಳ್ಳುವುದೆಂದು ಎರಡೂ ಕಡೆಯವರು ಒಪ್ಪಿದರು. ಫಾರಂನ ರೈತನ ನೆನಪಾಯಿತು. ಡಿಸೆಂಬರಿನಲ್ಲಿ, 2027ರಿಂದ ಬ್ರಿಟನ್ ಮತ್ತೆ ಯುರೋಪಿನ ಬೇರೆ ದೇಶಕ್ಕೆ ಓದಲು ಹೋಗುವ ಎರಾಸ್ಮಸ್ ವಿದ್ಯಾರ್ಥಿ ಯೋಜನೆ ಸೇರುತ್ತದೆ ಎಂಬ ಘೋಷಣೆಯೂ ಬಂತು.

ಅದಾದ ಕೆಲವು ವಾರಕ್ಕೆ, 2019ರಲ್ಲಿ ನಾನು ವಾದ ಗೆದ್ದು ಬಂದಿದ್ದ ಆ ಮನೆಯ ಬಾಗಿಲಿಗೆ ಮತ್ತೆ ಹೋದೆ. ಅದೇ ಯಜಮಾನರು. ನನ್ನ ಗುರುತು ಹತ್ತಲಿಲ್ಲ. ಏನು ಕಷ್ಟ ಅಂತ ಕೇಳಿದೆ. ರಸ್ತೆಯ ಗುಂಡಿ ಹೇಳಿದರು, ಹಲ್ಲಿನ ಡಾಕ್ಟರು ಸಿಗುವುದಿಲ್ಲ ಅಂದರು. ಆಮೇಲೆ ಮೊಮ್ಮಗಳ ಮಾತು ಬಂತು. ಫ್ರೆಂಚ್ ಓದುತ್ತಿದ್ದಾಳೆ, ಒಂದು ವರ್ಷ ಅಲ್ಲಿಗೆ ಹೋಗಬೇಕಂತೆ. ‘ನಾನು ಆವತ್ತು ಹಾಕಿದ ಓಟು ತಪ್ಪು ಅಂತ ನಾನು ಒಪ್ಪಲ್ಲ. ಆದ್ರೆ ಅವಳಿಗೆ ಹೋಗೋಕೆ ಆಗಬೇಕು’ ಅಂದರು. ಎರಾಸ್ಮಸ್ ಬಗ್ಗೆ ನನಗೆ ಗೊತ್ತಿದ್ದಷ್ಟು ಹೇಳಿದೆ. ಒಳಗಿನಿಂದ ಹೆಂಡತಿ ಬಂದು ಅವರ ಪಕ್ಕದಲ್ಲಿ ನಿಂತು, ಅರ್ಜಿ ಯಾವಾಗ ಶುರುವಾಗುತ್ತೆ ಅಂತ ಕೇಳಿದರು. ಗೇಟು ದಾಟಿ ಬಂದು ಪುಸ್ತಕ ತೆಗೆದು ಬರೆದುಕೊಂಡೆ: ಗುಂಡಿ, ಹಲ್ಲು, ಮೊಮ್ಮಗಳು. ವಿವರ ತಿಳಿದು ಮುಂದಿನ ತಿಂಗಳು ಮತ್ತೆ ಹೋಗಬೇಕು.